ಚೀನೀ ಅಜ್ಜ ಅಜ್ಜಿಯರ ಇಂಗ್ಲಿಷ್ ಕ್ಲಾಸಿನಲ್ಲಿ ಬಾಯಿಪಾಠ

ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿ ಬೆಳಗಿನ ಹೊತ್ತು ಪಾರ್ಕಿಗೆ ಹೋದರೆ ಎರಡು ಗುಂಪು ಕಾಣುತ್ತವೆ. ಒಂದು ನಮ್ಮ ಕಡೆಯ ಅಜ್ಜ ಅಜ್ಜಿಯರದ್ದು, ಇನ್ನೊಂದು ಚೀನಾದವರದ್ದು. ಇಬ್ಬರೂ ಬಂದಿರುವುದು ಮೊಮ್ಮಕ್ಕಳನ್ನು ನೋಡಿಕೊಳ್ಳಲು. ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, ಮಗುವಿನ ಕೆನ್ನೆ ಮುಟ್ಟುತ್ತಾರೆ, ಅಲ್ಲಿಗೆ ಮಾತು ಮುಗೀತು. ನಾನು ಇಲ್ಲಿಗೆ ಬಂದಾಗ ನನ್ನದು ಎಚ್-4 ವೀಸಾ, ಅಂದರೆ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ. ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಲೈಬ್ರರಿಯಲ್ಲಿ ಇಂಗ್ಲಿಷ್ ಕಲಿಸಲು ಸ್ವಯಂಸೇವಕರು ಬೇಕು ಅಂತ ಬೋರ್ಡ್ ನೋಡಿ ಹೆಸರು ಕೊಟ್ಟೆ. ಕ್ಲಾಸಿಗೆ ಬಂದವರಲ್ಲಿ ಹೆಚ್ಚಿನವರು ಚೀನೀ ಮಾತಾಡುವ ಹಿರಿಯರು.

ಇವರ ವಯಸ್ಸಿನ ಲೆಕ್ಕ ಹಾಕಿದರೆ ಅರ್ಧ ಕಥೆ ತಿಳಿಯುತ್ತದೆ. 1952ರಲ್ಲಿ ಹುಟ್ಟಿದವರಿಗೆ 1966ರಲ್ಲಿ ಹದಿನಾಲ್ಕು ವರ್ಷ. ಆ ವರ್ಷ ಚೀನಾದಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿ ಶುರುವಾಗಿ ಪಾಠಗಳು ನಿಂತವು. ಪೇಟೆಯ ಹುಡುಗ ಹುಡುಗಿಯರನ್ನು ಹಳ್ಳಿಗೆ ಕಳಿಸಿದರು. ಕಾಲೇಜಿನ ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರಲ್ಲಿ. ಅವರಿಗಿಂತ ದೊಡ್ಡವರಲ್ಲಿ ಕೆಲವರು ಶಾಲೆಯಲ್ಲಿ ಕಲಿತದ್ದು ರಷ್ಯನ್. ಹಾಗಾಗಿ ನಿವೃತ್ತ ಎಂಜಿನಿಯರ್ ಕೂಡ ಇಂಗ್ಲಿಷಿನಲ್ಲಿ ಮೊದಲಿಂದ ಶುರು ಮಾಡಬೇಕಾದ ಸ್ಥಿತಿ. ಓದಿನ ಹಸಿವು ಮಾತ್ರ ಜೋರು. ನೋಟ್‌ಬುಕ್ಕಿನಲ್ಲಿ ನಾನು ಬಾಯಿತಪ್ಪಿ ಹೇಳಿದ್ದನ್ನೂ ಬರೆದುಕೊಳ್ಳುತ್ತಿದ್ದರು.

ನಮಗೆ ಕೊಟ್ಟ ತರಬೇತಿಯಲ್ಲಿ ಹೇಳಿದ್ದು ಇಷ್ಟು: ಬಾಯಿಪಾಠ ಮಾಡಿಸಬೇಡಿ, ಸುಮ್ನೆ ಮಾತಾಡಲು ಬಿಡಿ, ತಪ್ಪಾದರೂ ಪರವಾಗಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಇಪ್ಪತ್ತು ಜನ ಸಹಪಾಠಿಗಳ ಮುಂದೆ ತಪ್ಪು ಮಾತಾಡು ಅಂದರೆ ಅರವತ್ತೆಂಟು ವರ್ಷದ ಮನುಷ್ಯ ಯಾಕೆ ಬಾಯಿ ಬಿಡುತ್ತಾನೆ? ಮರ್ಯಾದೆಯ ಪ್ರಶ್ನೆ, ಅಲ್ವಾ? ನಮ್ಮೂರಿನ ಮೇಷ್ಟ್ರೊಬ್ಬರನ್ನು ಆ ಜಾಗದಲ್ಲಿ ಕೂರಿಸಿ ನೋಡಿ. ‘ನಿಮ್ಮ ವಾರಾಂತ್ಯ ಹೇಗಿತ್ತು?’ ಅಂತ ಕೇಳಿದರೆ ಇಡೀ ಕೋಣೆ ನನ್ನನ್ನು ನೋಡಿ ನಗುತ್ತಿತ್ತು, ಉತ್ತರ ಇಲ್ಲ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಗೆ ‘ಟೀಚರಿಗೆ ಬೇಜಾರು ಆಗದಿರಲಿ’ ಎಂಬುದಕ್ಕಿಂತ ಹೆಚ್ಚಿನ ಅರ್ಥ ಇರಲಿಲ್ಲ.

ನಾನು ಮಗ್ಗಿ ಒಪ್ಪಿಸಿ ಬೆಳೆದವಳು. ಅವರು ಸಾವಿರ ವರ್ಷಕ್ಕೂ ಹಿಂದಿನ ತಾಂಗ್ ರಾಜವಂಶದ ಕಾಲದ ಪದ್ಯ ಒಪ್ಪಿಸಿ ಬೆಳೆದವರು. ಚೀನಾದ ಶಾಲೆಗಳಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಜೋರಾಗಿ ಓದುವ ರೂಢಿ ಇಂದಿಗೂ ಇದೆ. ಇರುವ ಈ ಅಭ್ಯಾಸ ಬಿಡಿಸಿ ಹೊಸದು ಕಲಿಸುವುದಕ್ಕಿಂತ ಇದನ್ನೇ ಬಳಸಿಕೊಳ್ಳೋಣ ಅನಿಸಿತು. ದಿನಬಳಕೆಯ ಒಂದೊಂದು ಸಂದರ್ಭಕ್ಕೆ ಎಂಟು ಸಾಲಿನ ಸಂಭಾಷಣೆ ಬರೆದೆ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಅರ್ಧ ಕೋಣೆ ಆ ಕಡೆ ಅರ್ಧ ಈ ಕಡೆ, ಆಮೇಲೆ ಪಕ್ಕದವರ ಜೊತೆ. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸುವುದು ಕೊನೆಗೆ, ಅದೂ ಅವರೇ ಕೈ ಎತ್ತಿದರೆ. ಗುಂಪಿನ ದನಿಯಲ್ಲಿ ಒಬ್ಬರ ತಪ್ಪು ಯಾರಿಗೂ ಕೇಳುವುದಿಲ್ಲ. ಬಾಯಿ ತೆರೆಯಲು ಅಷ್ಟು ಸಾಕಿತ್ತು.

ಔಷಧಿ ಅಂಗಡಿಯ ಪಾಠವನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಡಾಕ್ಟರ್ ಬರೆದ ಔಷಧಿ ತರಲು ಹೋದರೆ ಕೌಂಟರಿನಲ್ಲಿ ಕೇಳುವುದು ಎರಡು: ಲಾಸ್ಟ್ ನೇಮ್, ಅಂದರೆ ಮನೆತನದ ಹೆಸರು, ಮತ್ತು ಹುಟ್ಟಿದ ದಿನ. ಸುಲಭ ಅನಿಸುತ್ತದೆ. ಆದರೆ ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ‘ಲಾಸ್ಟ್’ ಅಂದರೆ ಕೊನೆಯದು ಅಂತ ಕಲಿತವರು ಕೊನೆಯಲ್ಲಿರುವ ತಮ್ಮ ಸ್ವಂತ ಹೆಸರನ್ನೇ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಅವರು ಸಿಗುವುದಿಲ್ಲ. ಇನಿಶಿಯಲ್ ಇಟ್ಟುಕೊಂಡು ಬಂದ ಕನ್ನಡಿಗರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನನ್ನ ಅಪ್ಪನ ಹೆಸರು ಹಿಡಿದು ಕರೆದಾಗ ನಾನೇ ಎದ್ದು ಹೋಗಬೇಕು. ಹುಟ್ಟಿದ ದಿನವೂ ಹಾಗೆಯೇ. ಚೀನಾದವರು ಹೇಳುವುದು ವರ್ಷ, ತಿಂಗಳು, ದಿನ. ನಾವು ದಿನ, ತಿಂಗಳು, ವರ್ಷ. ಅಮೆರಿಕದವರು ತಿಂಗಳು, ದಿನ, ವರ್ಷ. 1952ರ ಮಾರ್ಚ್ 5 ಎಂಬುದನ್ನು ‘ಮಾರ್ಚ್ ಫಿಫ್ತ್, ನೈಂಟೀನ್ ಫಿಫ್ಟಿ ಟೂ’ ಅಂತ ಒಂದೇ ಉಸಿರಿಗೆ ಹೇಳುವಷ್ಟು ಅಭ್ಯಾಸ ಮಾಡಿಸಿದೆ. ಅವರವರ ಹುಟ್ಟಿದ ದಿನ, ಅವರವರ ರಾಗ. ವ್ಯಾಕರಣ ಏನೂ ಇಲ್ಲ. ಎಬ್ಬಿಸಿ ಕೇಳಿದರೂ ಬರಬೇಕು, ಅಷ್ಟೇ.

ಬಾಯಿಪಾಠಕ್ಕೆ ಒಂದು ತೊಂದರೆ ಇದೆ, ಇಲ್ಲ ಅನ್ನುವುದಿಲ್ಲ. ಎದುರಿನವರು ಒಂದು ಸಾಲು ಬದಲಿಸಿದರೆ ಎಲ್ಲ ಕುಸಿಯುತ್ತದೆ. ಅದಕ್ಕೆ ನಾನೇ ಕೌಂಟರಿನ ಹಿಂದೆ ನಿಂತು ಬೇಕೆಂದೇ ಸಾಲು ಬದಲಿಸುತ್ತಿದ್ದೆ. ‘ಔಷಧಿ ಇನ್ನೂ ತಯಾರಾಗಿಲ್ಲ, ನಾಲ್ಕು ಗಂಟೆ ಮೇಲೆ ಬನ್ನಿ.’ ಮೌನ. ಆ ಮೌನಕ್ಕೆ ಮೂರು ವಾಕ್ಯ ಕೊಟ್ಟೆ: ನಿಧಾನವಾಗಿ ಹೇಳಿ, ಇನ್ನೊಮ್ಮೆ ಹೇಳಿ, ಇಲ್ಲಿ ಬರೆದುಕೊಡಿ. ಇವನ್ನೂ ಬಾಯಿಪಾಠ ಮಾಡಿಸಿದೆ. ಮೂರನೆಯದೇ ಎಲ್ಲರಿಗೂ ಇಷ್ಟ. ಬರೆದದ್ದನ್ನು ಮನೆಗೆ ತಂದು ಮಗಳಿಗೆ ತೋರಿಸಬಹುದು, ಅಂಗಡಿಯವರ ಮುಂದೆ ಮರ್ಯಾದೆಯೂ ಉಳಿಯುತ್ತದೆ. ಹೊಸದಾಗಿ ಕಲಿಸಲು ಹೊರಟವರು ಬೇರೇನೂ ಕಲಿಸದಿದ್ದರೂ ಈ ಮೂರು ವಾಕ್ಯ ಕಲಿಸಿ.

ಉಚ್ಚಾರಣೆಯಲ್ಲಿ ಕನ್ನಡ ನನಗೆ ಬಹಳ ಸಹಾಯಕ್ಕೆ ಬಂತು. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಸ್ವರ ಬರಬೇಕು, ಇಲ್ಲವೇ ಮೂಗಿನ ‘ನ್’, ‘ಙ್’ ಬರಬೇಕು. ಬೀಜಿಂಗ್ ಕಡೆ ಒಂದು ‘ರ್’. ‘ಟ್’, ‘ಕ್’, ‘ಸ್’, ‘ಫ್’ ಇತ್ಯಾದಿ ಕೊನೆಗೆ ನಿಲ್ಲುವುದಿಲ್ಲ. ಹಾಗಾಗಿ ರೈಸ್ ಹೋಗಿ ‘ರೈ’ ಆಗುತ್ತದೆ, ಇಲ್ಲವೇ ಕೊನೆಗೊಂದು ಸ್ವರ ಸೇರುತ್ತದೆ. ನಾವು ಬಸ್ಸು, ಕಾರು, ರೋಡು ಅನ್ನುವುದಿಲ್ಲವೇ? ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಾಡುವವರಿಗೆ ಈ ಕಷ್ಟ ಕಡಿಮೆ, ಅವರ ಪದಗಳು ‘ಪ್’, ‘ಟ್’, ‘ಕ್’ನಲ್ಲೂ ಮುಗಿಯುತ್ತವೆ. ಇನ್ನೊಂದು ತಮಾಷೆ ಪಿನ್‌ಯಿನ್‌ನಿಂದ ಬರುವುದು. ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಈ ಪದ್ಧತಿ ಅಲ್ಲಿ 1958ರಿಂದ ಇದೆ. ಅದರಲ್ಲಿ ಕ್ಯೂ ಅಕ್ಷರಕ್ಕೆ ‘ಛ’, ಎಕ್ಸ್‌ಗೆ ‘ಶ’, ಸಿಗೆ ‘ತ್ಸ’ ತರಹದ ಸದ್ದು. ಹಾಗೆಯೇ ಇಂಗ್ಲಿಷ್ ಓದಿದರೆ ಕ್ಯಾನ್ ಎಂಬುದು ‘ತ್ಸಾನ್’! ತೈವಾನಿನವರು ಬೇರೆ ಚಿಹ್ನೆಗಳಲ್ಲಿ ಕಲಿತವರು, ಅವರಿಗೆ ಈ ಗೊಂದಲ ಇಲ್ಲ. ಅದಕ್ಕೇ ‘ಚೀನೀಯರ ಇಂಗ್ಲಿಷ್ ತಪ್ಪುಗಳು’ ಅಂತ ಒಂದೇ ಪಟ್ಟಿ ಹಿಡಿದು ಕಲಿಸಲು ಹೋದರೆ ಕೆಲಸ ಆಗುವುದಿಲ್ಲ.

‘ನನ್ನ ಸೊಸೆ, ಹೀ ಈಸ್ ಗುಡ್ ಕುಕ್’ ಎಂಬಂಥ ಮಾತು ಪ್ರತಿ ವಾರವೂ ಕೇಳುತ್ತದೆ. ಅವನು, ಅವಳು ಎರಡಕ್ಕೂ ಅವರು ಹೇಳುವುದು ‘ತಾ’. ಬರೆಯುವಾಗ ಮಾತ್ರ ಅಕ್ಷರ ಬೇರೆ. ನಿಯಮ ಹೇಳಿ ಇದನ್ನು ಸರಿಪಡಿಸಲು ಆಗಲ್ಲ, ಯಾಕೆಂದರೆ ನಿಯಮ ಅವರಿಗೆ ಗೊತ್ತು. ಫೋನಿನಲ್ಲಿರುವ ಮನೆಯವರ ಫೋಟೋ ತೋರಿಸಿ ಪಕ್ಕದವರಿಗೆ ಹೇಳಿಸುತ್ತಿದ್ದೆ. ಸ್ವಲ್ಪ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಹೋಗದಿದ್ದರೂ ನಷ್ಟ ಇಲ್ಲ.

ಕ್ಲಾಸಿನಲ್ಲಿ ಅತಿ ಹೆಚ್ಚು ಗದ್ದಲ ಎದ್ದದ್ದು ಮನೆಯ ಬೆಲೆ ಓದುವ ದಿನ. ಕುಪರ್ಟಿನೋದಲ್ಲಿ ಮನೆ ಬೆಲೆಯ ಮಾತು ಬಂದರೆ ಸುಮ್ಮನಿರುವವರು ಯಾರೂ ಇಲ್ಲ. ಬೋರ್ಡಿನ ಮೇಲೆ 2300000 ಅಂತ ಬರೆದೆ. ಇಂಗ್ಲಿಷಿನಲ್ಲಿ ಮೂರು ಮೂರು ಅಂಕಿಗೆ ಅಲ್ಪವಿರಾಮ: ಟೂ ಪಾಯಿಂಟ್ ತ್ರೀ ಮಿಲಿಯನ್. ಚೀನಾದವರು ಎಣಿಸುವುದು ಹತ್ತು ಸಾವಿರದ ‘ವಾನ್’ನಲ್ಲಿ, ಅಂದರೆ 230 ವಾನ್. ಪಕ್ಕದಲ್ಲಿ ನಾನು 23 ಲಕ್ಷ ಅಂತ ಬರೆದಾಗ ಎಲ್ಲರೂ ಕುತ್ತಿಗೆ ಚಾಚಿದರು. ಮಿಲಿಯನ್ ಕೇಳಿದಾಗಲೆಲ್ಲ ನಾನೂ ತಲೆಯೊಳಗೆ ಲಕ್ಷಕ್ಕೆ ತಿರುಗಿಸುತ್ತೇನೆ ಅಂದೆ. ಅಲ್ಲಿಂದ ಮುಂದೆ ಒಂದೇ ಸೂತ್ರ: ಒಂದು ಮಿಲಿಯನ್ ಅಂದರೆ ನೂರು ವಾನ್. ಗೋಡೆಗೆ ಅಂಟಿಸಿದ ಆ ಚೀಟಿ ಯಾರೂ ತೆಗೆಯಲು ಬಿಡಲಿಲ್ಲ.

ಇನ್ನು ನಡವಳಿಕೆ. ‘ಊಟ ಆಯ್ತಾ?’ ಅಂತ ಅವರೂ ಕೇಳುತ್ತಾರೆ, ಆ ಮಾತಿಗೆ ನಮಸ್ಕಾರದಷ್ಟೇ ಅರ್ಥ. ಸಂಬಳ ಎಷ್ಟು, ಬಾಡಿಗೆ ಎಷ್ಟು, ಎರಡನೇ ಮಗು ಯಾವಾಗ, ಇವನ್ನೂ ಕೇಳುತ್ತಾರೆ. ನನಗೆ ಬೇಸರ ಆಗಲಿಲ್ಲ, ಊರಿನಲ್ಲಿ ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಆದರೆ ಪಕ್ಕದ ಮನೆಯ ಅಮೆರಿಕನ್ ಹೆಂಗಸಿಗೆ ‘ಹೌ ಓಲ್ಡ್ ಆರ್ ಯು?’ ಅಂದರೆ ಆಕೆ ಬಾಗಿಲು ಹಾಕಿಕೊಳ್ಳಬಹುದು. ಅದರ ಬದಲು ಹವಾಮಾನ, ನಾಯಿ, ತೋಟದ ಗಿಡದ ಮೇಲೆ ಕೇಳುವ ಪ್ರಶ್ನೆಗಳನ್ನು ಕಲಿಸಿದೆ. ಬೇಡ ಅನ್ನುವುದೂ ಒಂದು ಪಾಠವೇ ಆಯಿತು. ಟೀ ಬೇಕಾ ಅಂದರೆ ಅವರೂ ನಮ್ಮ ಹಾಗೆ ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಒಪ್ಪುವವರು. ಇಲ್ಲಿ ಮೂರನೇ ಸಲ ಯಾರೂ ಕೇಳುವುದಿಲ್ಲ. ‘ಮೊದಲ ಸಲವೇ ಯೆಸ್, ಪ್ಲೀಸ್ ಅನ್ನಿ, ಇಲ್ಲದಿದ್ದರೆ ಬಾಯಾರಿಕೊಂಡೇ ಮನೆಗೆ ಹೋಗ್ತೀರಿ’ ಅಂದಾಗ ಎಲ್ಲರೂ ನಕ್ಕರು. ಒಬ್ಬ ಅಜ್ಜಿ ಮಾತ್ರ ಒಪ್ಪಲಿಲ್ಲ. ಅದು ದುರಾಸೆ ತರಹ ಕಾಣುತ್ತದೆ ಎಂಬುದು ಅವರ ವಾದ. ನಮ್ಮಮ್ಮನೂ ಅದನ್ನೇ ಹೇಳುತ್ತಿದ್ದರು.

ಗ್ರೀನ್ ಕಾರ್ಡ್ ಇದ್ದವರು ಬರುತ್ತಿದ್ದದ್ದು ಪೌರತ್ವದ ಸಂದರ್ಶನಕ್ಕಾಗಿ. ಐವತ್ತೈದು ದಾಟಿ, ಗ್ರೀನ್ ಕಾರ್ಡ್ ಬಂದು ಹದಿನೈದು ವರ್ಷವಾಗಿದ್ದರೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಉಂಟು. ಮಕ್ಕಳು ತಡವಾಗಿ ಕರೆಸಿಕೊಂಡವರಿಗೆ ಆ ಭಾಗ್ಯ ಇಲ್ಲ. ಮೂರು ವಾಕ್ಯದಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಬರೆಯಬೇಕು. ಅದು ಸುಲಭ. ಕಷ್ಟ ಇರುವುದು ಅರ್ಜಿಯ ಮೇಲೆ ಅಧಿಕಾರಿ ಕೇಳುವ ‘ಹ್ಯಾವ್ ಯು ಎವರ್’ ಪ್ರಶ್ನೆಗಳಲ್ಲಿ. ಚೀನೀ ಭಾಷೆಯಲ್ಲಿ ಕ್ರಿಯಾಪದದ ನಂತರ ‘ಗ್ವೋ’ ಅಂತ ಸೇರಿಸಿದರೆ ‘ಹಿಂದೆ ಯಾವತ್ತಾದರೂ’ ಎಂಬ ಅರ್ಥ ಬರುತ್ತದೆ. ‘ಎವರ್ ಕೇಳಿದ ಕೂಡಲೇ ಗ್ವೋ ನೆನಪಿಸಿಕೊಳ್ಳಿ’ ಅಂದೆ, ಅದು ಹಿಡಿಯಿತು. ಎಲ್ಲಕ್ಕೂ ‘ನೋ’ ಅಂತ ಒಪ್ಪಿಸಲು ಮಾತ್ರ ಬಿಡಲಿಲ್ಲ. ಬಾಯಿಪಾಠ ಬೇಡ ಅಂತ ನಾನು ಹೇಳಿದ ಜಾಗ ಇದೊಂದೇ. ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ ಎಂಬ ಪ್ರಶ್ನೆಯೂ ಅದರಲ್ಲಿದೆ. ಅರ್ಥ ಹೇಳಿಕೊಡುವವರೆಗೆ ನನ್ನ ಕೆಲಸ, ಉತ್ತರಕ್ಕೆ ವಕೀಲರ ಹತ್ತಿರ ಹೋಗಿ ಅಂತ ಕಳಿಸುತ್ತಿದ್ದೆ.

ದೇಶದ ಇತಿಹಾಸ, ಸರ್ಕಾರದ ಬಗ್ಗೆ ಆಗ 100 ಪ್ರಶ್ನೆಗಳ ಪಟ್ಟಿ ಇತ್ತು, ಹತ್ತು ಕೇಳಿ ಆರು ಸರಿಯಾದರೆ ಪಾಸು. 2025ರ ಅಕ್ಟೋಬರ್ 20ರಂದು ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಅದು 128 ಆಗಿದೆ. ಇಪ್ಪತ್ತು ಕೇಳುತ್ತಾರೆ, ಹನ್ನೆರಡು ಸರಿಯಿರಬೇಕು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಗೊಣಗಾಟ ಏಳುತ್ತದೆ ಅಂದುಕೊಂಡಿದ್ದೆ. ‘ಪಟ್ಟಿ ಪ್ರಿಂಟ್ ಮಾಡಿ ಕೊಡ್ತೀರಾ ಟೀಚರ್, ಅಕ್ಷರ ದೊಡ್ಡದಾಗಿರಲಿ’ ಅಂದರು.