ಬೂಟು ಬಿಚ್ಚಿಟ್ಟ ಮೇಲೆ ಎಂತ ಮಾಡುದು? ಐರ್ಲೆಂಡಿನವರನ್ನು ನೋಡಿ ಈಗಲೇ ಪ್ಲಾನ್ ಮಾಡಿ

ಮಂಗಳೂರಿನ ನೆಹರೂ ಮೈದಾನದಲ್ಲಿ, ಬೆಂಗ್ರೆಯಲ್ಲಿ, ಉಳ್ಳಾಲದಲ್ಲಿ, ಮಣಿಪಾಲದ ಟರ್ಫುಗಳಲ್ಲಿ ಫುಟ್ಬಾಲ್ ಆಡ್ತಾ ಆಡ್ತಾ ಮೂವತ್ತರ ಹತ್ತಿರ ಬಂದವರಿಗೆ ಇದು. ಹದಿನೆಂಟರ ಹುಡುಗರು ಓದಿದ್ರೆ ಇನ್ನೂ ಒಳ್ಳೇದು, ಆದ್ರೆ ಅವ್ರು ಓದುದಿಲ್ಲ ಅಂತ ಗೊತ್ತುಂಟು, ಆ ವಯಸ್ಸಲ್ಲಿ ಮೊಣಕಾಲು ಯಾವತ್ತೂ ಹೀಗೇ ಇರ್ತದೆ ಅಂತಲೇ ಎಲ್ಲರ ಲೆಕ್ಕ. ಆಟ ನಿಂತ ಮೇಲೆ ಎಂತ ಮಾಡುದು ಅಂತ ಕೇಳಿದ್ರೆ ಹೆಚ್ಚಿನವರ ಹತ್ರ ಎರಡೇ ಉತ್ತರ, ಒಂದು ಕೋಚ್ ಆಗ್ತೇನೆ, ಇನ್ನೊಂದು ನೋಡುವ. ಈ "ನೋಡುವ" ಉಂಟಲ್ಲ, ಅದೇ ಡೇಂಜರ್.

ಐರ್ಲೆಂಡ್ ಯಾಕೆ ಅಂದ್ರೆ, ಅದು ಸಣ್ಣ ದೇಶ, ರಿಪಬ್ಲಿಕ್‌ನಲ್ಲಿ ಐವತ್ತು ಲಕ್ಷ ಚಿಲ್ಲರೆ ಜನ, ಉತ್ತರ ಐರ್ಲೆಂಡ್ ಸೇರಿಸಿದ್ರೂ ನಮ್ಮ ಬೆಂಗಳೂರಿಗೆ ಸಮ ಆಗುದಿಲ್ಲ. ಅಲ್ಲಿ ಚೆನ್ನಾಗಿ ಆಡುವ ಹುಡುಗ್ರು, ನಮ್ಮವರು ಗಲ್ಫಿಗೆ ಹೋದ ಹಾಗೆ, ಹದಿನೈದು ಹದಿನಾರಕ್ಕೇ ಶಾಲೆ ಬಿಟ್ಟು ಇಂಗ್ಲೆಂಡಿನ ಕ್ಲಬ್ಬಿಗೆ ಹೋಗಿಬಿಡ್ತಿದ್ರು. ಹಾಗಾಗಿ ಮೂವತ್ಮೂರು ಮೂವತ್ನಾಲ್ಕಕ್ಕೆ ಆಟ ಮುಗಿದಾಗ ಕೈಯಲ್ಲಿ ಹೆಸರುಂಟು, ಡಿಗ್ರಿ ಇಲ್ಲ, ಬೇರೆ ಕೆಲಸ ಗೊತ್ತಿಲ್ಲ. ನಮ್ಮ ಎಷ್ಟೋ ಜನರದ್ದೂ ಇದೇ ಕಥೆ, ಹೆಸರು ಮಾತ್ರ ಸ್ವಲ್ಪ ಸಣ್ಣದು.

ಮೊದಲು ಮಾಡ್ಬೇಕಾದ್ದು, ಒಂದು ಸಂಜೆ ಕೂತು 1985ರ ಎಫ್ಎ ಕಪ್ (ಇಂಗ್ಲೆಂಡಿನ ದೊಡ್ಡ ನಾಕೌಟ್ ಕಪ್) ಫೈನಲ್‌ನ ಹೈಲೈಟ್ಸ್ ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಎವರ್ಟನ್, ವೆಂಬ್ಲಿ, ಯುನೈಟೆಡ್‌ಗೆ 1-0 ಗೆಲುವು. ಅದ್ರಲ್ಲಿ ಯುನೈಟೆಡ್ ಕಡೆಯಿಂದ ಆಡಿದ ನಾಲ್ಕು ಐರಿಷ್ ಆಟಗಾರರ ಹೆಸರು ಒಂದು ಕಾಗದದಲ್ಲಿ ಬರ್ಕೊಳ್ಳಿ: ನಾರ್ಮನ್ ವೈಟ್‌ಸೈಡ್, ಕೆವಿನ್ ಮೊರಾನ್, ಪಾಲ್ ಮೆಗ್ರಾ, ಫ್ರಾಂಕ್ ಸ್ಟೇಪಲ್ಟನ್. ಒಂದೇ ಮ್ಯಾಚು, ಒಂದೇ ಮೆಡಲು, ಆದ್ರೆ ಆಮೇಲೆ ನಾಲ್ಕು ಜನ ನಾಲ್ಕು ದಾರಿ. ನೀವು ಇವ್ರಲ್ಲಿ ಯಾರ ಹಾಗೆ ಅಂತ ಸುಳ್ಳು ಹೇಳದೆ ಟಿಕ್ ಹಾಕಿ, ಉಳಿದದ್ದೆಲ್ಲ ಅದ್ರ ಮೇಲೆ ಹೋಗ್ತದೆ.

ವೈಟ್‌ಸೈಡ್ ಬೆಲ್ಫಾಸ್ಟಿನವ. 1982ರ ವರ್ಲ್ಡ್ ಕಪ್ಪಲ್ಲಿ ಆಡಿದಾಗ ವಯಸ್ಸು 17 ವರ್ಷ 41 ದಿನ, ವರ್ಲ್ಡ್ ಕಪ್ ಆಡಿದ ಅತೀ ಸಣ್ಣ ಪ್ರಾಯದವ ಅನ್ನುವ ಪೆಲೆಯ ರೆಕಾರ್ಡು ಮುರಿದವ. ಆ ಫೈನಲ್ಲಿನ ಎಕ್ಸ್‌ಟ್ರಾ ಟೈಮಲ್ಲಿ ಗೋಲು ಹೊಡೆದದ್ದೂ ಇವನೇ, ಆಗ ಇಪ್ಪತ್ತು ವರ್ಷ. 26ಕ್ಕೆ ಮೊಣಕಾಲು ಹೋಗಿ 1991ರಲ್ಲಿ ಆಟವೇ ಮುಗೀತು. ನಾವೆಲ್ಲ ಬೂಟು ಸರಿಯಾಗಿ ಹಾಕ್ಲಿಕ್ಕೆ ಕಲಿಯುವ ವಯಸ್ಸಲ್ಲಿ ಇವ ರಿಟೈರ್ಡ್! ಆಮೇಲೆ ಎಂತ ಮಾಡಿದ ಗೊತ್ತುಂಟಾ, ಕಾಲೇಜಿಗೆ ಹೋಗಿ ಓದಿ ಪೊಡಿಯಾಟ್ರಿಸ್ಟ್ ಆದ, ಅಂದ್ರೆ ಪಾದದ ಡಾಕ್ಟರ ಕೆಲಸ. ಶಾಲೆ ಬಿಟ್ಟು ಹತ್ತು ವರ್ಷ ಆದವ, ಟೀವಿಯಲ್ಲಿ ಜಗತ್ತೇ ನೋಡಿದವ, ಅನಾಟಮಿ ಪುಸ್ತಕ ಹಿಡ್ಕೊಂಡು ಸಣ್ಣ ಹುಡುಗರ ಜೊತೆ ಕ್ಲಾಸಲ್ಲಿ ಕೂತದ್ದು. ನನಗೆ ಇಡೀ ಐರಿಷ್ ಫುಟ್ಬಾಲಲ್ಲಿ ಆ ಗೋಲಿಗಿಂತ ದೊಡ್ಡ ವಿಷಯ ಇದು.

ಇದ್ರಲ್ಲಿ ನಮಗೆ ಸೀದಾ ಉಪಯೋಗ ಉಂಟು. ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ಫಿಸಿಯೋಥೆರಪಿ ಕಾಲೇಜು ಎಷ್ಟುಂಟು, ಬೇರೆ ಊರಿನವ್ರು ಇಲ್ಲಿಗೆ ಬಂದು ರೂಮ್ ಮಾಡಿ ಓದ್ತಾರೆ, ನಮ್ಮ ಪ್ಲೇಯರುಗಳು ಅದೇ ಗೇಟಿನ ಎದುರು ಚಾ ಕುಡಿದು ವಾಪಸ್ ಬರ್ತಾರೆ. ಪಿಯುಸಿಯಲ್ಲಿ ಸೈನ್ಸ್ ತಕ್ಕೊಂಡ ತಮ್ಮನೋ ತಂಗಿಯೋ ಇದ್ದು ಅವ್ರು ಆಟವೂ ಆಡ್ತಿದ್ರೆ ಬಿಪಿಟಿ ಕೋರ್ಸಿನ ಬಗ್ಗೆ ಹೇಳಿ. ನಿಮಗೆ ಸೈನ್ಸ್ ಇರ್ಲಿಲ್ಲ ಅಂದ್ರೆ ಅದಾಗ್ಲಿಕ್ಕಿಲ್ಲ, ಆದ್ರೆ ಜಿಮ್ ಟ್ರೈನರ್ ಸರ್ಟಿಫಿಕೇಟು, ಫಸ್ಟ್ ಏಡ್ ಕೋರ್ಸು, ಬಿಪಿಎಡ್ ಮಾಡಿ ಶಾಲೆಯಲ್ಲಿ ಪಿಟಿ ಮಾಸ್ಟರ್ ಆಗುದು, ಇದೆಲ್ಲ ಉಂಟು. ಗಾಯ ಆದವನಿಗೆ ಗಾಯದ ಭಾಷೆ ಗೊತ್ತಿರ್ತದೆ, ಅದನ್ನು ಬರೀ ನೋವಾಗಿ ಬಿಟ್ರೆ ವೇಸ್ಟು.

ಮೊರಾನ್ ಆ ಫೈನಲಲ್ಲಿ ರೆಡ್ ಕಾರ್ಡ್ ತಿಂದವ, ಎಫ್ಎ ಕಪ್ ಫೈನಲ್ ಇತಿಹಾಸದಲ್ಲೇ ಮೊದಲನೆಯವ. ಪೊಕ್ಕಡೆ ನಗ್ಬೇಡಿ, ನಾಲ್ವರಲ್ಲಿ ತಯಾರಿ ಚೆನ್ನಾಗಿ ಇದ್ದದ್ದು ಇವನದ್ದೇ. ಇಂಗ್ಲೆಂಡಿಗೆ ಹೋಗುವ ಮೊದಲೇ ಡಬ್ಲಿನ್‌ನಲ್ಲಿ ಕಾಮರ್ಸ್ ಡಿಗ್ರಿ ಮಾಡಿದ್ದ, ಡಬ್ಲಿನ್ ಪರವಾಗಿ ಗೇಲಿಕ್ ಫುಟ್ಬಾಲಲ್ಲಿ (ಕೈಯಲ್ಲೂ ಚೆಂಡು ಹಿಡಿದು ಆಡುವ ಐರಿಷ್ ಆಟ) 1976, 1977 ಎರಡೂ ವರ್ಷ ಆಲ್-ಐರ್ಲೆಂಡ್ ಚಾಂಪಿಯನ್‌ಶಿಪ್ ಗೆದ್ದಿದ್ದ. ಆಟ ಬಿಟ್ಟು ಪ್ಲೇಯರ್ ಏಜೆಂಟ್ ಆದ, ಕಾಂಟ್ರಾಕ್ಟಿನ ಲೆಕ್ಕ ಗೊತ್ತಿದ್ದವನಿಗೆ ಅದು ಕಷ್ಟ ಆಗ್ಲಿಲ್ಲ. ಹಾಗಾಗಿ ಬಿಕಾಂ ಅರ್ಧಕ್ಕೆ ಬಿಟ್ಟವ್ರು ದೂರಶಿಕ್ಷಣದಲ್ಲಾದ್ರೂ ಮುಗಿಸಿ, ಮುಕ್ತ ವಿವಿ ಇರುದೇ ಅದಕ್ಕೆ. ಸೀಸನ್ ಮಧ್ಯೆ ಓದ್ಲಿಕ್ಕೆ ಟೈಮ್ ಇಲ್ಲ ಅನ್ನುವವ್ರು ದಿನಕ್ಕೆ ಎಷ್ಟು ಹೊತ್ತು ರೀಲ್ಸ್ ನೋಡ್ತಾರೆ ಅಂತ ಅವ್ರ ಫೋನೇ ಹೇಳ್ತದೆ.

ಸ್ಟೇಪಲ್ಟನ್ ಮ್ಯಾನೇಜರ್ ಆದ, ಅಂದ್ರೆ ಅಲ್ಲಿ ಟೀಮಿನ ಹೆಡ್ ಕೋಚ್, ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ ಕ್ಲಬ್ಬಲ್ಲಿ, ಆಮೇಲೆ 1996ರಲ್ಲಿ ಅಮೆರಿಕಾದ ಎಂಎಲ್ಎಸ್ ಲೀಗ್ ಶುರುವಾದಾಗ ನ್ಯೂ ಇಂಗ್ಲೆಂಡ್ ರೆವಲ್ಯೂಶನ್‌ಗೆ ಮೊದಲ ಕೋಚ್. ಒಂದೇ ಸೀಸನ್. ಕೋಚಿಂಗ್ ಅಂದ್ರೆ ಹಾಗೇ, ಬ್ಯಾಗ್ ಯಾವಾಗ್ಲೂ ಪ್ಯಾಕ್ ಆಗಿಯೇ ಇರ್ಬೇಕು.

ಮೆಗ್ರಾ ವಿಷಯಕ್ಕೆ ಸ್ವಲ್ಪ ನಿಲ್ಲುವ. ಡಬ್ಲಿನ್ನಿನ ಅನಾಥಾಶ್ರಮಗಳಲ್ಲಿ ಬೆಳೆದವ, ಮೊಣಕಾಲಿಗೆ ಎಷ್ಟು ಆಪರೇಶನ್ ಆಗಿತ್ತು ಅಂದ್ರೆ ಆಸ್ಟನ್ ವಿಲ್ಲಾದಲ್ಲಿ ವಾರವಿಡೀ ಸರಿಯಾಗಿ ಟ್ರೈನಿಂಗೇ ಮಾಡ್ತಿರ್ಲಿಲ್ಲ, ಶನಿವಾರ ಬಂದು ಆಡಿ ಹೋಗ್ತಿದ್ದ, ಆದ್ರೂ 1993ರಲ್ಲಿ ಇಂಗ್ಲೆಂಡಿನ ಪ್ಲೇಯರ್ಸ್ ಪ್ಲೇಯರ್ ಆಫ್ ದಿ ಇಯರ್. ವಿಲ್ಲಾ ಫ್ಯಾನ್ಸು ಈಗಲೂ ಅವನನ್ನು ದೇವರು ಅಂತಲೇ ಕರೀತಾರೆ. ಆದ್ರೆ ಕುಡಿತ ಆಟದ ಜೊತೆಗೂ ಇತ್ತು, ಆಟದ ನಂತರವೂ ಬಿಡ್ಲಿಲ್ಲ, ಅದನ್ನು ಅವನೇ ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಯುನೈಟೆಡ್‌ನ ಹಳೇ ಸ್ಟಾರ್ ಜಾರ್ಜ್ ಬೆಸ್ಟ್‌ನ ಕುಡಿತದ ಕಥೆ ಎಲ್ಲರಿಗೂ ಗೊತ್ತು, 2002ರಲ್ಲಿ ಲಿವರ್ ಬದಲಿಸಿದ್ರು, 2005ರ ನವೆಂಬರಲ್ಲಿ 59ಕ್ಕೆ ಹೋದ, ಬೆಲ್ಫಾಸ್ಟಿನ ಏರ್‌ಪೋರ್ಟಿಗೆ ಹೆಸರಿಟ್ರು. ಜನರ ಪ್ರೀತಿಗೆ ಏನೂ ಕಮ್ಮಿ ಇರ್ಲಿಲ್ಲ ಇಬ್ಬರಿಗೂ. ಇಲ್ಲಿಯೂ ನೋಡಿ, ಟೂರ್ನಮೆಂಟ್ ಗೆದ್ದ ರಾತ್ರಿ ಬಾಟ್ಲಿ ಕೊಡಿಸುವವ್ರು ನೂರು ಜನ, ಹತ್ತು ವರ್ಷದ ನಂತರ ಡಾಕ್ಟರ ಹತ್ರ ಕರ್ಕೊಂಡು ಹೋಗುವವ್ರು ಮನೆಯವ್ರು ಮಾತ್ರ. ಹಾಗಾಗಿ ಸ್ಟೆಪ್ ಇದೇ: ಆಟ ಇಲ್ಲದ ಭಾನುವಾರ ನೀವು ಎಂತ ಮಾಡ್ತೀರಿ ಅಂತ ನೋಡ್ಕೊಳ್ಳಿ. ಆ ಖಾಲಿ ಸಂಜೆಗೆ ಕುಡಿತ ಒಂದೇ ಉತ್ತರ ಆಗ್ತಿದ್ರೆ ಈಗಲೇ ಡಾಕ್ಟರೋ ಕೌನ್ಸಿಲರೋ ಯಾರಾದ್ರೂ ಒಬ್ಬರ ಹತ್ರ ಮಾತಾಡಿ, ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಡಿ-ಅಡಿಕ್ಷನ್ ಸೆಂಟರ್ ಉಂಟು, ನಾಚಿಕೆ ಪಡುವ ವಿಷಯ ಅಲ್ಲವೇ ಅಲ್ಲ.

ಇನ್ನು ಕೋಚ್ ಆಗ್ತೇನೆ ಅನ್ನುವವರಿಗೆ. ಸ್ಟೀವ್ ಸ್ಟಾಂಟನ್ ದೇಶಕ್ಕೆ 102 ಮ್ಯಾಚ್ ಆಡಿದವ, 2006ರಲ್ಲಿ ಸೀದಾ ಐರ್ಲೆಂಡ್ ಮ್ಯಾನೇಜರ್ ಮಾಡಿಬಿಟ್ರು, ಅದೇ ವರ್ಷ ಸೈಪ್ರಸ್ ಹತ್ರ 5-2 ಸೋಲು, 2007ರಲ್ಲಿ ಮನೆಗೆ. ಲಿಯಾಮ್ ಬ್ರೇಡಿ ಅವನಿಗಿಂತ ಚೆಂದ ಆಡಿದವ, ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿನ ಮ್ಯಾನೇಜರ್ ಆಗಿ ಕಪ್ ಏನೂ ಬರ್ಲಿಲ್ಲ, ಆಮೇಲೆ 1996ರಿಂದ 2014ರವರೆಗೆ ಆರ್ಸೆನಲ್ ಅಕಾಡೆಮಿ ನೋಡ್ಕೊಂಡ. ಹದಿನೆಂಟು ವರ್ಷ ಸಣ್ಣ ಮಕ್ಕಳ ಜೊತೆ! ಲೀ ಕಾರ್ಸ್ಲಿ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಲ್ಲಿ, ಆಡಿದ್ದು ಐರ್ಲೆಂಡಿಗೆ, ಅಕಾಡೆಮಿಗಳಲ್ಲಿ ಮೆಲ್ಲ ಮೆಲ್ಲ ಮೇಲೆ ಬಂದು ಇಂಗ್ಲೆಂಡ್ ಅಂಡರ್-21ಗೆ 2023, 2025 ಎರಡು ಯುರೋ ಗೆದ್ದುಕೊಟ್ಟ. 2024ರಲ್ಲಿ ಇಂಗ್ಲೆಂಡಿನ ಹಂಗಾಮಿ ಮ್ಯಾನೇಜರ್ ಆಗಿ ಮೊದಲ ಮ್ಯಾಚು ಎಲ್ಲಿ ಅಂದ್ರೆ ಡಬ್ಲಿನ್ನಲ್ಲೇ, ಐರ್ಲೆಂಡನ್ನೇ 2-0 ಸೋಲಿಸಿದ, ಗೋಲು ಹೊಡೆದ ರೈಸ್, ಗ್ರೀಲಿಶ್ ಇಬ್ಬರೂ ಸಣ್ಣದಿರುವಾಗ ಐರ್ಲೆಂಡ್ ಜೆರ್ಸಿ ಹಾಕಿದವ್ರೇ. ಯಕ್ಷಗಾನದಲ್ಲೂ ಇಂಥ ಪ್ರಸಂಗ ಸಿಗ್ಲಿಕ್ಕಿಲ್ಲ ಮಾರಾಯ್ರೆ. ಡೇಮಿಯನ್ ಡಫ್ ಅಂತೂ ಚೆಲ್ಸಿಯಲ್ಲಿ ಎರಡು ಲೀಗ್ ಗೆದ್ದವ, 2015ರಲ್ಲಿ ಆಟ ನಿಲ್ಲಿಸಿ ಶ್ಯಾಮ್ರಾಕ್ ರೋವರ್ಸಿನ ಅಂಡರ್-15 ಹುಡುಗರಿಂದ ಶುರು ಮಾಡಿದ, 2024ರಲ್ಲಿ ಶೆಲ್ಬರ್ನ್‌ಗೆ ಐರ್ಲೆಂಡಿನ ಲೀಗ್ ಗೆದ್ದುಕೊಟ್ಟ, 2006ರ ನಂತರ ಅವ್ರಿಗೆ ಮೊದಲನೇದು. 2025ರ ಜೂನಲ್ಲಿ ತಾನಾಗೇ ಬಿಟ್ಟೂ ಹೋದ.

ಇದ್ರ ಅರ್ಥ ನಮ್ಮ ಊರಲ್ಲಿ ಎಂತ ಅಂದ್ರೆ, ಸೀದಾ ಸೀನಿಯರ್ ಟೀಮ್ ಕೇಳ್ಬೇಡಿ. ನಿಮ್ಮ ವಾರ್ಡಿನ ಶಾಲೆಗೆ ಹೋಗಿ ಹೆಡ್ ಮಾಸ್ಟರ ಹತ್ರ ಕೇಳಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಹೇಳಿಕೊಡಿ, ಇನ್ನೂ ಆಡ್ತಿರುವಾಗಲೇ. ಹತ್ತು ವರ್ಷದ ಮಕ್ಕಳಿಗೆ ಪಾಸ್ ಹೇಳಿಕೊಡ್ಲಿಕ್ಕೆ ತಾಳ್ಮೆ ಉಂಟಾ ಅಂತ ಒಂದೇ ಮಳೆಗಾಲದಲ್ಲಿ ಗೊತ್ತಾಗ್ತದೆ. ಉಂಟು ಅಂತ ಆದ್ರೆ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಎಐಎಫ್ಎಫ್‌ನ ಡಿ ಕೋಚಿಂಗ್ ಲೈಸೆನ್ಸ್ ಮಾಡಿ, ಆಮೇಲೆ ಸಿ, ಮತ್ತೆ ಏಷ್ಯಾದ ಫೆಡರೇಶನ್ ಎಎಫ್‌ಸಿಯ ಬಿ, ಎ, ಪ್ರೊ ಅಂತ ಏಣಿ. ಕೋರ್ಸ್ ಯಾವಾಗ ಎಲ್ಲಿ ಅಂತ ಜಿಲ್ಲಾ ಫುಟ್ಬಾಲ್ ಅಸೋಸಿಯೇಶನ್ನಲ್ಲೋ ಬೆಂಗಳೂರಿನ ರಾಜ್ಯ ಅಸೋಸಿಯೇಶನ್ನಲ್ಲೋ ಕೇಳ್ತಾ ಇರಿ, ಸೀಟು ಕಮ್ಮಿ, ಬೇಗ ತುಂಬ್ತದೆ. ಇಲ್ಲಿ ಆಡಿದ ಎಕ್ಸ್‌ಪೀರಿಯನ್ಸ್ ಸಣ್ಣದು ಅಂತ ಅಂದ್ಕೊಳ್ಬೇಡಿ, ಐರ್ಲೆಂಡಿಗೆ 68 ಗೋಲು ಹೊಡೆದ ರಾಬಿ ಕೀನ್ ಆಟಗಾರನಾಗಿ ಕೊನೆಗೆ ಬಂದದ್ದು ನಮ್ಮ ಕೊಲ್ಕತ್ತಾದ ಎಟಿಕೆ ಕ್ಲಬ್ಬಿಗೆ, 2018ರಲ್ಲಿ ಅಲ್ಲೇ ಪ್ಲೇಯರ್ ಕಮ್ ಮ್ಯಾನೇಜರ್ ಆಗಿ ಆ ಕೆಲಸದ ರುಚಿ ನೋಡಿದ್ದು. ಆಮೇಲೆ ಅಸಿಸ್ಟೆಂಟ್ ಆಗಿ ಕೆಲವು ಕಡೆ ದುಡಿದು, ಮ್ಯಾನೇಜರ್ ಆಗಿ ಇಸ್ರೇಲಿನ ಮಕಾಬಿ ಟೆಲ್ ಅವಿವ್ ಜೊತೆ ಲೀಗ್ ಗೆದ್ದ, ಹಂಗೇರಿಯ ಫೆರೆಂಕ್‌ವಾರೋಶ್ ಜೊತೆಯೂ ಗೆದ್ದ.

ಜಗಳ ಆಡಿದವರ ನಂಬರ್ ಡಿಲೀಟ್ ಮಾಡ್ಬೇಡಿ, ಇದು ತಮಾಷೆಗೆ ಹೇಳುದಲ್ಲ. 2002ರ ವರ್ಲ್ಡ್ ಕಪ್ಪಿಗೆ ಮೊದಲು ಸೈಪಾನ್ ದ್ವೀಪದಲ್ಲಿ ರಾಯ್ ಕೀನ್ ಮ್ಯಾನೇಜರ್ ಮಿಕ್ ಮೆಕಾರ್ತಿ ಜೊತೆ ಜಗಳ ಆಗಿ ಮನೆಗೆ ಹೋದ, ನಯಾಲ್ ಕ್ವಿನ್ ಆ ಟೀಮಲ್ಲೇ ಇದ್ದ, ಕೀನ್, ಕ್ವಿನ್ ಇಬ್ಬರ ಮಧ್ಯೆಯೂ ಸಂಬಂಧ ಹಳಸಿತು. ನಾಲ್ಕು ವರ್ಷದ ನಂತರ ಕ್ವಿನ್ ಕೆಲವು ಐರಿಷ್ ಉದ್ಯಮಿಗಳನ್ನು ಸೇರಿಸಿ ಸಂಡರ್ಲೆಂಡ್ ಕ್ಲಬ್ಬನ್ನೇ ತಕ್ಕೊಂಡ, ಮೊದಲು ತಾನೇ ಮ್ಯಾನೇಜರ್ ಆಗಿ ನೋಡಿದ, ಸೋಲು ಮೇಲೆ ಸೋಲು, ಆಗ ಫೋನ್ ಮಾಡಿದ್ದು ಯಾರಿಗೆ? ಅದೇ ರಾಯ್ ಕೀನ್‌ಗೆ. ಆ ಸೀಸನಲ್ಲೇ ಚಾಂಪಿಯನ್‌ಶಿಪ್ (ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್) ಗೆದ್ದು ಪ್ರೀಮಿಯರ್ ಲೀಗಿಗೆ ಹೋದ್ರು. ನಮ್ಮಲ್ಲಿ ಒಂದು ಪೆನಾಲ್ಟಿ ಜಗಳಕ್ಕೆ ಎರಡು ಕ್ಲಬ್ಬಿನವ್ರು ಮದುವೆ ಊಟಕ್ಕೂ ಹೋಗುದಿಲ್ಲ.

ಟೀವಿ ಕೆಲಸದ ಆಸೆ ಇಟ್ಕೊಳ್ಳಿ, ನಂಬ್ಕೊಳ್ಬೇಡಿ. ಅಲ್ಲಿ ಹಳೇ ಆಟಗಾರ ಜಾನ್ ಗೈಲ್ಸ್ ಐರ್ಲೆಂಡಿನ ಟೀವಿ ಆರ್‌ಟಿಇಯಲ್ಲಿ ಮ್ಯಾಚಿನ ವಿಶ್ಲೇಷಣೆಗೆ 1986ರಿಂದ 2016ರವರೆಗೆ ಕೂತಿದ್ರು, ಮೂವತ್ತು ವರ್ಷ ಒಂದೇ ಕುರ್ಚಿ, ಅಂದ್ರೆ ಉಳಿದವರಿಗೆ ಆ ಕುರ್ಚಿ ಸಿಗ್ಲಿಲ್ಲ ಅಂತಲೇ ಅಲ್ವಾ. ಇಲ್ಲಿ ಅದಕ್ಕಿಂತ ಸುಲಭದ ಬಾಗಿಲು ಉಂಟು. ಕಂಬಳ, ಕಬಡ್ಡಿಗೆ ಮೈಕ್ ಹಿಡಿಯುವವರಿಗೆ ನಮ್ಮ ಕಡೆ ಎಷ್ಟು ಬೇಡಿಕೆ ಅಂತ ನಿಮಗೇ ಗೊತ್ತು, ಫುಟ್ಬಾಲ್ ಟೂರ್ನಮೆಂಟುಗಳೂ ಈಗ ಯೂಟ್ಯೂಬಲ್ಲಿ ಲೈವ್ ಹೋಗ್ತವೆ, ಆಟ ಗೊತ್ತಿದ್ದು ಕನ್ನಡ ತುಳು ಬ್ಯಾರಿ ಮೂರರಲ್ಲೂ ಮಾತಾಡುವವ ಸಿಕ್ಕಿದ್ರೆ ಬಿಡುದಿಲ್ಲ. ಗಾಯ ಆಗಿ ಕೂತ ಸೀಸನಲ್ಲಿ ಒಂದು ಮ್ಯಾಚಿಗೆ ಮೈಕ್ ಕೇಳಿ ನೋಡಿ. ಅಥವಾ ರೆಫ್ರಿ ಪರೀಕ್ಷೆ ಬರೀರಿ, ಬೈಗುಳ ಫ್ರೀ ಸಿಗ್ತದೆ.

ದುಡ್ಡಿನ ವಿಷಯ ಸಣ್ಣದಾಗಿ. ಐರ್ಲೆಂಡಲ್ಲಿ ರಿಟೈರ್ ಆಗುವ ಆಟಗಾರರಿಗೆ ಒಂದು ಸೌಲಭ್ಯ ಉಂಟು, ನಿಯಮಕ್ಕೆ ಸರಿ ಹೊಂದಿದ್ರೆ ಹತ್ತು ವರ್ಷದ ಆಟದ ಸಂಪಾದನೆಯ 40% ಮೇಲೆ ಕಟ್ಟಿದ ತೆರಿಗೆ ವಾಪಸ್ ಕೇಳ್ಬಹುದು. ಓದಿ ಹೊಟ್ಟೆಕಿಚ್ಚು ಬಂತು, ಮುಂದೆ ಹೋಗುವ. ಅಷ್ಟೆಲ್ಲ ಇದ್ರೂ ದುಡ್ಡು ನಿಲ್ಲುದಿಲ್ಲ ಎಷ್ಟೋ ಸಲ, ನ್ಯೂಕಾಸಲ್‌ನಲ್ಲಿ ಆಡಿದ ಉತ್ತರ ಐರ್ಲೆಂಡಿನ ಕೀತ್ ಗಿಲೆಸ್ಪಿ ಜೂಜಿಗೆ ಬಿದ್ದು 2010ರಲ್ಲಿ ದಿವಾಳಿ ಅಂತ ಕೋರ್ಟಲ್ಲಿ ಘೋಷಣೆ ಆಯ್ತು. ಫೋನಲ್ಲಿ ಬೆಟ್ಟಿಂಗ್ ಆ್ಯಪ್ ಇದ್ರೆ ಇದನ್ನು ಓದಿ ಮುಗಿಸುವ ಮೊದಲೇ ತೆಗೀರಿ. ಪ್ರೈಜ್ ಮನಿ ಬಂದ ದಿನವೇ ಒಂದು ಪಾಲು ಸೊಸೈಟಿ ಆರ್‌ಡಿಗೆ ಹಾಕಿ.

ತಲೆಗೆ ಪೆಟ್ಟು ಬಿದ್ರೆ "ಎಂತ ಆಗುದಿಲ್ಲ" ಅಂತ ಎದ್ದು ಆಡ್ಬೇಡಿ. ಐರ್ಲೆಂಡಿನ ಕೆವಿನ್ ಡಾಯ್ಲ್ 2017ರಲ್ಲಿ ಆಟ ಬಿಟ್ಟದ್ದೇ ತಲೆಗೆ ಆದ ಪೆಟ್ಟುಗಳಿಂದ, ಡಾಕ್ಟರು ಸಾಕು ಅಂದ್ರು, ಅವ ನಿಲ್ಲಿಸಿದ. ಮೊಣಕಾಲಿನ ಎಂಆರ್‌ಐ ರಿಪೋರ್ಟು, ಆಪರೇಶನ್ ಪೇಪರು ಎಲ್ಲ ಒಂದು ಕವರಲ್ಲಿ ಇಡಿ, ನಲವತ್ತೈದಕ್ಕೆ ಡಾಕ್ಟರು ಅದನ್ನೇ ಕೇಳುದು.

ಹಾಗೇ ಇನ್ನೊಂದು ಫೈಲು ಸರ್ಟಿಫಿಕೇಟಿಗೆ. ಯುನಿವರ್ಸಿಟಿ, ಜಿಲ್ಲೆ, ರಾಜ್ಯ, ಯಾವ ಲೆವೆಲ್ಲಲ್ಲಿ ಆಡಿದ್ರೂ ಸಹಿ ಸೀಲು ಇರುವ ಕಾಗದ ಬೇಕು, ರೈಲ್ವೇ, ಪೊಲೀಸ್, ಪೋಸ್ಟಲ್ ಸ್ಪೋರ್ಟ್ಸ್ ಕೋಟಾಕ್ಕೆ ಟ್ರೋಫಿ ಹಿಡ್ಕೊಂಡ ಫೋಟೋ ನಡೀಲಿಕ್ಕಿಲ್ಲ. ನೋಟಿಫಿಕೇಶನಲ್ಲಿ ವಯಸ್ಸಿನ ಲಿಮಿಟ್ ಇರ್ತದೆ, ಇಂತಿಷ್ಟು ವರ್ಷದ ಒಳಗೆ ಆಡಿದ್ದೇ ಲೆಕ್ಕ ಅಂತಲೂ ಇರ್ತದೆ, ಹಾಗಾಗಿ ಇಪ್ಪತ್ತೆಂಟು ಆದ ಮೇಲೆ ಹುಡುಕಿದ್ರೆ ಕೆಲವು ಬಾಗಿಲು ಆಗಲೇ ಮುಚ್ಚಿರ್ತದೆ. ಸರ್ಟಿಫಿಕೇಟ್ ಕಳ್ಕೊಂಡವ್ರು ಆ ವರ್ಷದ ಟೂರ್ನಮೆಂಟ್ ಸೆಕ್ರೆಟರಿ ಇನ್ನೂ ಊರಲ್ಲಿರುವಾಗಲೇ ಡುಪ್ಲಿಕೇಟ್ ಮಾಡಿಸ್ಕೊಳ್ಳಿ, ಮತ್ತೆ ಫೋಟೋ ಫ್ರೇಮಿನ ಅಂಗಡಿಗೆ ಒರಿಜಿನಲ್ ಕೊಡ್ಬೇಡಿ, ಅಂಟು ಹಚ್ಚಿ ಬಿಡ್ತಾರೆ.