ಡ್ರೆಸ್ಡೆನ್‌ನ ಗಸಗಸೆ ಪಾಯಸ

ಜರ್ಮನಿಗೆ ಓದೋಕೆ ಹೊರಟ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಅಮ್ಮಂದಿರು, ತುಮಕೂರಿನಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ: ತಿನ್ನೋಕೆ ಏನು ಕಟ್ಟಿ ಕಳಿಸೋದು? ಡ್ರೆಸ್ಡೆನ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಬಂದವನು ಅನ್ನುವ ಕಾರಣಕ್ಕೆ ನನಗೆ ಈ ಪಟ್ಟ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಲ್ಲ ಕಳಿಸಿ, ಬೇಡ ಅನ್ನಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಒಯ್ದ ಡಬ್ಬಿ ದೀಪಾವಳಿಯವರೆಗೆ ಬರುವುದಿಲ್ಲ. ಊರಿನ ನೆನಪು ಸರಿಯಾಗಿ ಹಿಡಿದುಕೊಳ್ಳುವುದು ಡಬ್ಬಿ ಖಾಲಿಯಾದ ಮೇಲೆಯೇ. ಆಗ ಕೈ ಹಿಡಿಯುವುದು, ಪಕ್ಕದ ಅಂಗಡಿಯ ಸಾಮಾನಿನಲ್ಲಿ ನಮ್ಮ ಯಾವ ಅಡುಗೆ ಆಗುತ್ತದೆ ಅನ್ನುವ ಲೆಕ್ಕ.

ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆಗ ಊರಲ್ಲಿ ರಾತ್ರಿ ಎಂಟೂವರೆ, ಬಿಸಿ ಮುದ್ದೆ ತಟ್ಟೆಗೆ ಬೀಳುವ ಹೊತ್ತು. ಭಾನುವಾರ ಬಂದರೆ ಅಂಗಡಿಗಳೂ ಬಂದ್. ಇಂಡಿಯನ್ ಅಂಗಡಿಯ ಸೋನ್ ಪಾಪ್ಡಿ ಡಬ್ಬಿ ಬಿಚ್ಚಿಕೊಂಡು ಕೂತವರನ್ನು ಅಂಥ ಸಂಜೆಗಳಲ್ಲಿ ತುಂಬ ನೋಡಿದ್ದೇನೆ. ನಾನೂ ತಿಂದಿದ್ದೇನೆ. ಸಿಹಿ ಏನೋ ಹೌದು. ಆದರೆ ನಮ್ಮ ಮನೆಯಲ್ಲಿ ಯಾವ ಹಬ್ಬಕ್ಕೆ ಸೋನ್ ಪಾಪ್ಡಿ ಮಾಡಿದ್ದರು? ನನಗೆ ಬೇಕಾಗಿದ್ದದ್ದು ಡಬ್ಬಿಯಲ್ಲಿ ಬರುವ ಸಿಹಿಯೇ ಅಲ್ಲ. ಒಂದು ಲೋಟ ಬಿಸಿ ಪಾಯಸ, ಒಂದಿಷ್ಟು ಕೇಸರಿಬಾತು, ಕ್ಯಾತ್ಸಂದ್ರದ್ದಲ್ಲದಿದ್ದರೂ ಆ ಜಾತಿಯ ಒಂದು ತಟ್ಟೆ ಇಡ್ಲಿ.

ದಾರಿ ತೋರಿಸಿದ್ದು ಯೂನಿವರ್ಸಿಟಿ ಕ್ಯಾಂಟೀನು. ಅಲ್ಲಿ ಅದಕ್ಕೆ ಮೆನ್ಸಾ ಅನ್ನುತ್ತಾರೆ. ಜರ್ಮನ್ನರಿಗೆ ಸಿಹಿಯೇ ಮಧ್ಯಾಹ್ನದ ಊಟ ಆಗಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಹಾಲಿನಲ್ಲಿ ಬೇಯಿಸಿದ ಅನ್ನಕ್ಕೆ ಸಕ್ಕರೆ, ದಾಲ್ಚಿನ್ನಿ ಪುಡಿ ಉದುರಿಸಿ ತಟ್ಟೆ ತುಂಬ ಕೊಡುತ್ತಾರೆ. ದೊಡ್ಡ ದೊಡ್ಡ ಗಂಡಸರು ಸಾಲಲ್ಲಿ ಕೂತು ಅದನ್ನೇ ಊಟ ಮಾಡಿ ಎದ್ದು ಹೋಗುತ್ತಾರೆ. ಸಾರಿಲ್ಲ, ಮಜ್ಜಿಗೆ ಇಲ್ಲ! ಅಲ್ಲೇ ಒಂದು ದಿನ ಗೆರ್ಮ್‌ಕ್ನ್ಯೋಡೆಲ್ ಸಿಕ್ಕಿತು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನೊಳಗೆ ಪ್ಲಮ್ ಜಾಮ್ ತುಂಬಿ ಹಬೆಯಲ್ಲಿ ಬೇಯಿಸಿದ ಉಂಡೆ. ಮೇಲೆ ವೆನಿಲ್ಲಾ ಸಾಸ್, ಅದರ ಮೇಲೆ ಕಪ್ಪಗೆ ಒಂದು ಪುಡಿ. ಬಾಯಿಗಿಟ್ಟ ಮೇಲೆ ಗೊತ್ತಾಯಿತು, ಗಸಗಸೆ.

ಅಲ್ಲಿನ ಗಸಗಸೆ ನಮ್ಮದರ ಹಾಗೆ ಬೆಳ್ಳಗಿರುವುದಿಲ್ಲ. ನೀಲಿ ಮಿಶ್ರಿತ ಕಪ್ಪು. ಹೆಸರು ಮೋನ್. ನಾವು ಗಸಗಸೆಯನ್ನು ಸಣ್ಣ ಪೊಟ್ಟಣದಲ್ಲಿ ತಂದು ಚಮಚದ ಲೆಕ್ಕದಲ್ಲಿ ಬಳಸುತ್ತೇವೆ, ಅಲ್ವಾ? ಅವರು ಕೇಕ್‌ನಲ್ಲಿ ಬೆರಳು ದಪ್ಪದ ಪದರ ಹಾಕುತ್ತಾರೆ. ಯಾವ ಸೂಪರ್ ಮಾರ್ಕೆಟ್‌ಗೆ ಹೋದರೂ ಬೇಕಿಂಗ್ ಸಾಮಾನಿನ ಕಪಾಟಿನಲ್ಲಿ ಇದ್ದೇ ಇರುತ್ತದೆ.

ನಾನು ಪಾಯಸ ಮಾಡುತ್ತಿದ್ದದ್ದು ಹೀಗೆ. ಒಂದು ಚಮಚ ಅಕ್ಕಿಯನ್ನು ಕೆಂಪಗೆ ಹುರಿದು, ಅದೇ ಬಾಣಲೆಗೆ ಮೂರು ಚಮಚ ಗಸಗಸೆ ಹಾಕಿ ಸುಮ್ನೆ ಬೆಚ್ಚಗೆ ಮಾಡುವುದು. ಎರಡನ್ನೂ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಬೇಕು. ಒಣಗಿದ್ದನ್ನೇ ಮಿಕ್ಸಿಗೆ ಹಾಕಿದರೆ ಕಾಳು ಬ್ಲೇಡಿನ ಕೆಳಗೆ ಸೇರಿಕೊಂಡು ಹಾಗೇ ಉಳಿಯುತ್ತದೆ. ನೆನೆದದ್ದನ್ನು ಕಾಯಿತುರಿ, ಏಲಕ್ಕಿ ಜೊತೆ ಸ್ವಲ್ಪವೇ ನೀರು ಹಾಕಿ ರುಬ್ಬಬೇಕು. ಬೆರಳಲ್ಲಿ ಉಜ್ಜಿ ನೋಡಿ ತರಿ ಸಿಗದ ಹಾಗೆ ಆದ ಮೇಲೆ ನೀರು ಸೇರಿಸಿ, ಬೆಲ್ಲ ಹಾಕಿ ಕುದಿಸುವುದು. ಹಾಲು ಒಲೆ ಆರಿಸಿದ ಮೇಲೆ, ಪಾಯಸ ಸ್ವಲ್ಪ ತಣಿದ ಮೇಲೆ. ಬೆಲ್ಲ ಇರುವಾಗ ಕುದಿಯುವ ಪಾಯಸಕ್ಕೆ ಹಾಲು ಸುರಿದರೆ ಒಡೆಯುತ್ತದೆ. ಬಣ್ಣದ ಆಸೆ ಮಾತ್ರ ಬಿಡಿ. ಬೂದಿ ಕಲಸಿದ ಹಾಗೆ ಕಾಣುತ್ತದೆ. ರುಚಿ ನಮ್ಮ ಬಿಳಿ ಗಸಗಸೆಗಿಂತ ಗಾಢ, ಕೊನೆಯಲ್ಲಿ ಒಂದು ಎಳೆ ಕಹಿ. ನನಗೆ ಈಗ ಅದೇ ಜಾಸ್ತಿ ಇಷ್ಟ. ಕುಡಿದ ಮೇಲೆ ಬರುವ ನಿದ್ದೆಯಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ.

ನಮ್ಮ ಹಾಸ್ಟೆಲ್ ಅಡುಗೆಮನೆ ಹಂಚಿಕೊಂಡಿದ್ದ ಹುಡುಗಿಯೊಬ್ಬಳು ಪೋಲೆಂಡ್ ಗಡಿಯ ಗ್ಯೋರ್ಲಿಟ್ಸ್ ಕಡೆಯವಳು. ಪಾಯಸದ ಬಣ್ಣ ನೋಡಿ ಎಲ್ಲರೂ ಮುಖ ಕಿವುಚಿದರೆ ಅವಳೊಬ್ಬಳು ಬಟ್ಟಲು ಹಿಡಿದು ಬಂದಳು. ಅವಳ ಅಜ್ಜಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೋನ್‌ಕ್ಲ್ಯೋಸೆ ಮಾಡುತ್ತಾರಂತೆ. ಅರೆದ ಗಸಗಸೆಯನ್ನು ಹಾಲು, ಸಕ್ಕರೆ ಹಾಕಿ ಕಾಯಿಸಿ, ಒಣದ್ರಾಕ್ಷಿ ಸೇರಿಸಿ, ಬ್ರೆಡ್ಡಿನ ತುಂಡುಗಳ ಮೇಲೆ ಪದರ ಪದರವಾಗಿ ಸುರಿದು ನೆನೆಯಲು ಬಿಡುವುದು. ಸಿಲೇಸಿಯಾ ಭಾಗದ ಹಳೆಯ ತಿಂಡಿ. ಬ್ರೆಡ್ ತೆಗೆದು ಕಾಯಿ ಹಾಕಿದರೆ ನಮ್ಮನೆ ಪಾಯಸ, ಅಷ್ಟೇ. ಆ ಚಳಿಗಾಲದಲ್ಲಿ ನಾವಿಬ್ಬರೂ ಒಬ್ಬರ ಪಾತ್ರೆ ಇನ್ನೊಬ್ಬರು ಖಾಲಿ ಮಾಡಿದೆವು.

ಇಲ್ಲೊಂದು ಎಚ್ಚರಿಕೆ. ಊರಿಂದ ಬಿಳಿ ಗಸಗಸೆ ಒಯ್ಯೋಣ ಅನ್ನಿಸಿದರೆ ದಯವಿಟ್ಟು ಬೇಡ. ಬೆಂಗಳೂರಿಂದ ಯುರೋಪಿಗೆ ಹೋಗುವವರಲ್ಲಿ ಎಷ್ಟೋ ಜನ ದುಬೈನಲ್ಲಿ ವಿಮಾನ ಬದಲಿಸುತ್ತಾರೆ. ಯುಎಇಯಲ್ಲಿ ಗಸಗಸೆ ನಿಷೇಧ. ಅಫೀಮಿನ ಗಿಡದ ಬೀಜ ಅಂತ ಅದನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ.

ಒಯ್ಯಲಾಗದ ಇನ್ನೊಂದು ಸಾಮಾನು ನಮ್ಮ ಜಿಲ್ಲೆಯವರಿಗೆ ಹೊಟ್ಟೆ ಉರಿಸುವಂಥದ್ದು. ಕೊಬ್ಬರಿ. ನಮ್ಮದು ತಿಪಟೂರು ಕಡೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಅನ್ನುವ ಕಾಯಿ ಮನೆ ತುಂಬ. ಅದನ್ನು ಸುಲಿದು ಬ್ಯಾಗಿಗೆ ಹಾಕೋಣ ಅಂದರೆ ವಿಮಾನದವರು ಬಿಡುವುದಿಲ್ಲ. ಎಣ್ಣೆಯಂಶ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ತಮಾಷೆ ನೋಡಿ, ಯುರೋಪಿನವರು ತೆಂಗಿನಕಾಯಿಗೆ ಅಡ್ಡಿ ಮಾಡುವುದಿಲ್ಲ. ಹೊರದೇಶದ ಹಣ್ಣು, ತರಕಾರಿಗೆ ಅವರು ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಐದಕ್ಕೆ ಮಾತ್ರ ಬೇಡ: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗಿನಕಾಯಿ. ಅಲ್ಲಿ ಶ್ರೀಲಂಕಾ ತಮಿಳರ ಅಂಗಡಿ ಸಿಕ್ಕಿದರೆ ಫ್ರೀಜರ್‌ನಲ್ಲಿಟ್ಟ ಕಾಯಿತುರಿ ಇರುತ್ತದೆ. ಅದೇ ಅಂಗಡಿಯಲ್ಲಿ ಕುರಕ್ಕನ್ ಹಿಟ್ಟು ಅಂತ ಬರೆದ ಪ್ಯಾಕೆಟ್ ಕಂಡರೆ ಬಿಡಬೇಡಿ, ಅದು ರಾಗಿ ಹಿಟ್ಟು. ಏನೂ ಇಲ್ಲದಿದ್ದರೆ ಸೂಪರ್ ಮಾರ್ಕೆಟ್‌ನ ಒಣ ಕಾಯಿತುರಿಯನ್ನೇ ಬಿಸಿ ಹಾಲಿನಲ್ಲಿ ನೆನೆಸಿ ರುಬ್ಬಿ.

ತುಪ್ಪವೂ ಬ್ಯಾಗಿಗೆ ಬೇಡ. ಹಾಲು, ಹಾಲಿನ ಪದಾರ್ಥ ಯುರೋಪ್ ಒಕ್ಕೂಟದ ಒಳಗೆ ಒಯ್ಯುವ ಹಾಗಿಲ್ಲ. ಅದರ ಅಗತ್ಯವೂ ಇಲ್ಲ. ಅಲ್ಲಿ ಬುಟ್ಟರ್‌ಶ್ಮಾಲ್ಟ್ಸ್ ಅಂತ ಕಾಯಿಸಿದ ಬೆಣ್ಣೆ ಸಿಗುತ್ತದೆ. ಕರಿಯೋಕೆ ಪರವಾಗಿಲ್ಲ, ಮೂಗಿಗೆ ಏನೂ ಸಿಗುವುದಿಲ್ಲ. ಬೆಣ್ಣೆ ತಂದು ನೀವೇ ಕಾಯಿಸಿ. ಬೆಣ್ಣೆ ಪೊಟ್ಟಣದ ಮೇಲೆ ಬರೆದದ್ದನ್ನು ಓದಿ ತನ್ನಿ. ಸ್ಯೂಸ್‌ರಾಮ್ ಅಂದರೆ ಹುಳಿ ಬರಿಸದ ಕೆನೆಯ ಬೆಣ್ಣೆ, ಝಾವರ್‌ರಾಮ್ ಅಂದರೆ ಹುಳಿ ಬರಿಸಿದ ಕೆನೆಯದ್ದು. ನಮ್ಮ ಮನೆಗಳಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವುದರಿಂದ ಎರಡನೆಯದೇ ನಮಗೆ ಹತ್ತಿರ. 250 ಗ್ರಾಂ ಪೊಟ್ಟಣಕ್ಕೆ ಸುಮಾರು 200 ಗ್ರಾಂ ತುಪ್ಪ. ಸಣ್ಣ ಉರಿ, ಕೊನೆಗೆ ನಾಲ್ಕು ಕಾಳು ಮೆಂತ್ಯ. ಚಟಪಟ ಸದ್ದು ನಿಂತು, ತಳದ ಗಸಿ ಕಂದು ಬಣ್ಣಕ್ಕೆ ತಿರುಗಿತು ಅನ್ನುವಾಗ ಇಳಿಸಿಬಿಡಿ. ಅಲ್ಲಿನ ಕರೆಂಟ್ ಒಲೆ ಆರಿಸಿದ ಮೇಲೂ ಕಾಯುತ್ತಲೇ ಇರುತ್ತದೆ. ಅದರ ಮೇಲೇ ಪಾತ್ರೆ ಬಿಟ್ಟರೆ ಸೀದು ಹೋಗುತ್ತದೆ. ಕಾರಿಡಾರ್‌ಗೆಲ್ಲ ತುಪ್ಪದ ಘಮ ಹರಡಿದ ದಿನ ನನಗೆ ಊಟವೇ ಬೇಡ ಅನ್ನಿಸುತ್ತಿತ್ತು.

ಕೇಸರಿಬಾತಿಗೆ ಹಾರ್ಟ್‌ವೈಟ್ಸನ್‌ಗ್ರೀಸ್ ಅನ್ನುವ ಗಟ್ಟಿ ಗೋಧಿಯ ರವೆ ತನ್ನಿ. ಪಕ್ಕದಲ್ಲೇ ವೈಖ್‌ವೈಟ್ಸನ್ ಅಂತ ಮೆತ್ತನೆಯದ್ದೂ ಇರುತ್ತದೆ, ಅದು ಗಂಜಿಯಾಗುತ್ತದೆ. ಬೆಲ್ಲದ ಬದಲು ಆರ್ಗ್ಯಾನಿಕ್ ಕಪಾಟಿನಲ್ಲಿ ಸಿಗುವ, ಶುದ್ಧ ಮಾಡದ ಕಬ್ಬಿನ ಸಕ್ಕರೆ ನಡೆಯುತ್ತದೆ. ಅದಕ್ಕಿಂತ ನನಗೆ ಹಿಡಿಸಿದ್ದು ಸಕ್ಕರೆ ಬೀಟಿನ ಸಿರಪ್. ಅವರು ಬ್ರೆಡ್ಡಿಗೆ ಸವರಿಕೊಳ್ಳುವುದನ್ನು ನಾನು ದೋಸೆಗೆ, ತುಪ್ಪದ ಜೊತೆ.

ಅಲ್ಲಿಯ ಸಿಹಿಗಳಲ್ಲಿ ಕ್ವಾರ್ಕ್‌ಕೊಯ್ಲ್‌ಶೆನ್ ತಪ್ಪಿಸಿಕೊಳ್ಳಬೇಡಿ. ಬೆಂದ ಆಲೂಗಡ್ಡೆ, ಕ್ವಾರ್ಕ್ ಅನ್ನುವ ಗಟ್ಟಿ ಮೊಸರಿನಂಥದ್ದು, ಹಿಟ್ಟು ಕಲಸಿ ತಟ್ಟಿ ಬೇಯಿಸಿ, ಸಕ್ಕರೆ ಮತ್ತು ಸೇಬಿನ ಸಾಸ್ ಜೊತೆ ಬಿಸಿಯಾಗಿ ಕೊಡುತ್ತಾರೆ. ಮೊಟ್ಟೆ ತಿನ್ನದವರು ಕೇಳಿ ತಿನ್ನಿ, ಹಾಕಿರುತ್ತಾರೆ. ಡ್ರೆಸ್ಡೆನ್ ಅಂದರೆ ಎಲ್ಲರೂ ಹೇಳುವ ಸ್ಟೋಲೆನ್ ಕೇಕ್ ಮಾತ್ರ ನನ್ನ ನಾಲಿಗೆಗೆ ಒಗ್ಗಲಿಲ್ಲ. 1434ರಿಂದ ನಡೆಯುತ್ತಿರುವ ಸ್ಟ್ರೀಟ್ಸೆಲ್‌ಮಾರ್ಕ್ಟ್ ಸಂತೆಯಲ್ಲೇ ನಿಂತು ತಿಂದೆ, ಅಲ್ಲೂ ಅಷ್ಟೇ. ಸಂತೆ ಚೆಂದ, ಕೇಕ್ ಒಣ ಒಣ.

ಇನ್ನು ಬ್ಯಾಗಿಗೆ ಏನು ಹಾಕಬೇಕು ಅಂದರೆ: ಸಣ್ಣ ಜಾರಿನ ಮಿಕ್ಸಿ. ಅಲ್ಲಿಯೂ ಕರೆಂಟು 230 ವೋಲ್ಟ್, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಅದರ ಜೊತೆಗೆ ತಟ್ಟೆ ಇಡ್ಲಿಯ ನಾಲ್ಕು ತಟ್ಟೆ. ಎತ್ತರದ ಯಾವ ಪಾತ್ರೆಯಲ್ಲೂ ಅವು ನಿಲ್ಲುತ್ತವೆ. ಉದ್ದು ಅಲ್ಲೇ ಸಿಗುತ್ತದೆ. ಅಕ್ಕಿ ಮಾತ್ರ ಪಾಯಸಕ್ಕೆ ಬಳಸುವ ಗುಂಡಕ್ಕಿ ಬೇಡ, ಅಂಟು. ಶ್ರೀಲಂಕಾ ಅಂಗಡಿಯ ಕುಸುಬಲಕ್ಕಿ ತನ್ನಿ, ರುಬ್ಬುವಾಗ ಒಂದು ಹಿಡಿ ಅವಲಕ್ಕಿ ಸೇರಿಸಿ. ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ. ಓವನ್ ಹೊತ್ತಿಸದೆ ಬರೀ ಒಳಗಿನ ಲೈಟ್ ಹಾಕಿ, ಪಾತ್ರೆ ಇಟ್ಟು ಬಾಗಿಲು ಮುಚ್ಚಿ. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಮೇಲೆ ಬಂದಿರುತ್ತದೆ. ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಇಲ್ಲವಾದರೆ ಯಾರಾದರೂ ಪಿಜ್ಜಾ ಮಾಡೋಕೆ ಓವನ್ ಹೊತ್ತಿಸಿಬಿಡುತ್ತಾರೆ. ಚಟ್ನಿಗೆ ಹುರಿಗಡಲೆ ಮುಗಿದರೆ ಟರ್ಕಿಯವರ ಅಂಗಡಿಯಲ್ಲಿ ಲೆಬ್ಲೆಬಿ ಕೇಳಿ, ಅದೂ ಹುರಿದ ಕಡಲೆಯೇ. ಉಪ್ಪು ಹಾಕಿದ್ದು, ಖಾರ ಸವರಿದ್ದು ಎಲ್ಲ ಇರುತ್ತದೆ. ನಮಗೆ ಬೇಕಾದ್ದು ಸಪ್ಪೆಯದು.