ಮೆಸೇಜ್ ಕ್ಯೂ ಒಳಗೆ ಲಾಟ್ ಎಲ್ಲಿ ನಿಂತಿತು? ಟ್ರೇಸಿಂಗ್ ಜೋಡಿಸುವ ಬಗೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಸಾಫ್ಟ್‌ವೇರನ್ನು ನಾನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುತ್ತೇನೆ. ಮೆಣಸಿನಕಾಯಿ ಟೆಂಡರ್ ಮುಗಿದ ಮೇಲೆ ಅಂಗಡಿಯವರು ಲಾಟ್ ನಂಬರ್ ಮತ್ತು ರೇಟು ಹಾಕುತ್ತಾರೆ. ಒಂದು ಪ್ರೋಗ್ರಾಂ ಅದನ್ನು ತೆಗೆದುಕೊಳ್ಳುತ್ತದೆ, ಇನ್ನೊಂದು ಲೆಕ್ಕದ ಪಟ್ಟಿ ಮಾಡುತ್ತದೆ, ಮೂರನೆಯದು ರೈತರಿಗೆ ಎಸ್‌ಎಂಎಸ್ ಕಳಿಸುತ್ತದೆ. ಈ ಮೂರರ ನಡುವೆ ರ್ಯಾಬಿಟ್‌ಎಂಕ್ಯೂ ಇದೆ. ಅದು ಮೆಸೇಜ್ ಕ್ಯೂ ನಡೆಸುವ ಸಾಫ್ಟ್‌ವೇರ್, ಒಂದು ಪ್ರೋಗ್ರಾಂ ಹಾಕಿದ ಮೆಸೇಜನ್ನು ಇನ್ನೊಂದು ತೆಗೆದುಕೊಳ್ಳುವವರೆಗೆ ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ.

ಒಂದು ಗುರುವಾರ ಸಂಜೆ ಅಂಗಡಿಯಿಂದ ಫೋನ್ ಬಂತು. ‘ಮೇಡಂರ, ರೈತರು ಬಸ್ ಹತ್ತಿ ಊರು ಮುಟ್ಟ್ಯಾರ. ಮೆಸೇಜ್ ಈಗ ಬಂತಂತ್ರಿ. ಎಲ್ಲಿ ಸಿಕ್ಕೊಂಡಿತ್ರಿ ಅದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರೂ ಪ್ರೋಗ್ರಾಂಗಳ ಲಾಗ್ ತೆಗೆದು ನೋಡಿದೆ. ಒಂದೊಂದೂ ‘ನನ್ನ ಕೆಲಸ ಎರಡು ಸೆಕೆಂಡಿನಲ್ಲಿ ಮುಗೀತು’ ಅನ್ನುತ್ತಿತ್ತು. ನಡುವಿನ ನಲವತ್ತು ನಿಮಿಷ ಯಾರ ಲೆಕ್ಕದಲ್ಲೂ ಇರಲಿಲ್ಲ. ರೈತ ತನ್ನ ಮಾಲಿನ ರೇಟು ಗೊತ್ತಾಗದೆ ಮಾರುಕಟ್ಟೆಯಿಂದ ಹೊರಟುಹೋಗುವುದು ಸಣ್ಣ ವಿಷಯ ಅಲ್ಲ. ಅದಕ್ಕೇ ಟ್ರೇಸಿಂಗ್, ಅಂದರೆ ಒಂದು ಕೆಲಸ ಎಲ್ಲೆಲ್ಲಿ ಎಷ್ಟು ಹೊತ್ತು ಇತ್ತು ಅಂತ ಜಾಡು ಹಿಡಿಯುವ ವ್ಯವಸ್ಥೆ, ಹಾಕಲು ಕೂತೆ.

ಮೊದಲು ತೊಂದರೆ ಎಲ್ಲಿದೆ ನೋಡಿ. ಒಂದು ಪ್ರೋಗ್ರಾಂ ಇನ್ನೊಂದನ್ನು ವೆಬ್ ಮೂಲಕ ಕರೆದರೆ, ಟ್ರೇಸಿಂಗ್ ಲೈಬ್ರರಿ ಆ ಕರೆಯ ಹೆಡರ್‌ನಲ್ಲಿ (ವಿಷಯದ ಜೊತೆ ಹೋಗುವ ಮೇಲ್‌ವಿವರದಲ್ಲಿ) ಟ್ರೇಸ್ ಐಡಿಯನ್ನು, ಅಂದರೆ ಆ ಪ್ರಯಾಣದ ಗುರುತನ್ನು, ತಾನೇ ಸೇರಿಸಿ ಕಳಿಸುತ್ತದೆ. ಕ್ಯೂನಲ್ಲಿ ಹಾಗಲ್ಲ. ಮೆಸೇಜ್ ಹಾಕಿದವನು ಹಾಕಿ ಹೊರಟುಹೋಗುತ್ತಾನೆ. ತೆಗೆದುಕೊಳ್ಳುವವನು ಬೇರೆ ಮಷೀನ್‌ನಲ್ಲಿ, ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳುತ್ತಾನೆ. ಟ್ರೇಸ್ ಐಡಿ ಮೊದಲನೆಯವನ ಮೆಮೊರಿಯಲ್ಲೇ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಪ್ರತಿ ಲಾಟಿನ ಮೇಲೂ ಚೀಟಿ ಇರುತ್ತದಲ್ವಾ? ಚೀಟಿ ಬಿದ್ದುಹೋದರೆ ಮಾಲು ಅಲ್ಲೇ ಇರುತ್ತದೆ, ಯಾರದ್ದು ಅಂತ ಮಾತ್ರ ಗೊತ್ತಾಗುವುದಿಲ್ಲ. ನಾವು ಮಾಡಬೇಕಾದ್ದು ಆ ಚೀಟಿಯನ್ನು ಮೆಸೇಜಿಗೇ ಕಟ್ಟಿ ಕಳಿಸುವುದು.

ನಾನು ಬಳಸಿದ್ದು ಓಪನ್‌ಟೆಲಿಮೆಟ್ರಿ ಅನ್ನುವ ಟ್ರೇಸಿಂಗ್ ಲೈಬ್ರರಿ. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಅನ್ನುವ ಎರಡು ಯೋಜನೆಗಳು 2019ರಲ್ಲಿ ಸೇರಿ ಆದದ್ದು ಇದು. ಟ್ರೇಸ್‌ಗಳನ್ನು ಪರದೆಯಲ್ಲಿ ನೋಡುವುದಕ್ಕೆ ಯೇಗರ್ ಅನ್ನುವ ಪ್ರೋಗ್ರಾಂ. ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಸಿದ್ಧ ಇಮೇಜ್‌ನಿಂದ ಓಡಿಸುವ ಸಾಧನ) ಯೇಗರ್‌ನ ಇಮೇಜ್ ಓಡಿಸಿ. 4317 ಮತ್ತು 4318 ಪೋರ್ಟ್‌ಗಳಲ್ಲಿ ಅದು ಟ್ರೇಸ್‌ಗಳನ್ನು ಸ್ವೀಕರಿಸುತ್ತದೆ, ಬ್ರೌಸರ್‌ನಲ್ಲಿ 16686 ಪೋರ್ಟ್ ತೆರೆದರೆ ಪರದೆ ಬರುತ್ತದೆ. ಪ್ರತಿ ಪ್ರೋಗ್ರಾಂಗೂ ಬೇರೆ ಸರ್ವಿಸ್ ಹೆಸರು ಕೊಡಿ. ಒಂದೇ ಪ್ರೋಗ್ರಾಂನ ಎರಡು ಮೂರು ವರ್ಕರ್‌ಗಳು (ಕೆಲಸ ಹಂಚಿಕೊಳ್ಳುವ ಪ್ರತಿಗಳು) ಓಡುತ್ತಿದ್ದರೆ, ಒಂದೊಂದಕ್ಕೂ ಬೇರೆ ಸರ್ವಿಸ್ ಇನ್‌ಸ್ಟನ್ಸ್ ಐಡಿಯನ್ನೂ ಕೊಡಿ. ಇದನ್ನು ಬಿಡಬೇಡಿ. ನನಗೆ ಕೊನೆಗೆ ದಾರಿ ತೋರಿಸಿದ್ದು ಇದೇ.

ಈಗ ಮೆಸೇಜ್ ಹಾಕುವ ಕಡೆ. ಕೋಡ್‌ನಲ್ಲಿ ಪಬ್ಲಿಷ್ ಮಾಡುವ (ಮೆಸೇಜ್ ಕ್ಯೂಗೆ ಹಾಕುವ) ಸಾಲಿನ ಸುತ್ತ ಒಂದು ಸ್ಪ್ಯಾನ್, ಅಂದರೆ ಒಂದು ಹಂತ ಶುರುವಾಗಿ ಮುಗಿದ ಹೊತ್ತಿನ ದಾಖಲೆ, ತೆರೆಯಿರಿ. ಅದರ ಬಗೆಯನ್ನು ‘ಪ್ರೊಡ್ಯೂಸರ್’ ಅಂತ ಕೊಡಿ. ಸ್ಪ್ಯಾನ್ ತೆರೆದಿರುವಾಗಲೇ ಒಂದು ಖಾಲಿ ಡಿಕ್ಷನರಿ (ಕೀ ಮತ್ತು ಅದರ ಮೌಲ್ಯ ಇಡುವ ಪಟ್ಟಿ) ಮಾಡಿ, ಅದನ್ನು ಓಪನ್‌ಟೆಲಿಮೆಟ್ರಿಯ ‘ಇಂಜೆಕ್ಟ್’ ಫಂಕ್ಷನ್‌ಗೆ ಕೊಡಿ. ಅದು ಡಿಕ್ಷನರಿಯಲ್ಲಿ ‘ಟ್ರೇಸ್‌ಪೇರೆಂಟ್’ ಅನ್ನುವ ಕೀ ಸೇರಿಸುತ್ತದೆ. ಆ ಡಿಕ್ಷನರಿಯನ್ನೇ ಮೆಸೇಜಿನ ಹೆಡರ್‌ಗೆ ಹಾಕಿ ಪಬ್ಲಿಷ್ ಮಾಡಿ. ಇಂಜೆಕ್ಟ್ ಅನ್ನು ಸ್ಪ್ಯಾನ್ ತೆರೆಯುವ ಮುಂಚೆ ಕರೆದರೆ ತಪ್ಪು ಐಡಿ ಹೋಗುತ್ತದೆ, ಇಲ್ಲಾ ಏನೂ ಹೋಗುವುದಿಲ್ಲ.

ಟ್ರೇಸ್‌ಪೇರೆಂಟ್ ಅಂದರೆ 55 ಅಕ್ಷರಗಳ ಒಂದು ಸಾಲು, ನಡುವೆ ಅಡ್ಡಗೆರೆ ಇರುವ ನಾಲ್ಕು ತುಂಡು. ಮೊದಲು ಆವೃತ್ತಿ, 00. ಆಮೇಲೆ 32 ಅಕ್ಷರದ ಟ್ರೇಸ್ ಐಡಿ, ಇದು ಪೂರ್ತಿ ಪ್ರಯಾಣಕ್ಕೆ ಒಂದೇ. ನಂತರ 16 ಅಕ್ಷರದ ಸ್ಪ್ಯಾನ್ ಐಡಿ. ಕೊನೆಗೆ ಎರಡು ಅಕ್ಷರದ ಫ್ಲ್ಯಾಗ್. ಅದು 01 ಇದ್ದರೆ ಈ ಟ್ರೇಸ್ ಉಳಿಸಿಕೊಳ್ಳಬೇಕಾದದ್ದು ಅಂತ ಅರ್ಥ.

ಇದನ್ನು ಮೆಸೇಜಿನ ಬಾಡಿಯೊಳಗೆ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಬಾಡಿ ಇರುವುದು ಲಾಟು, ರೇಟು, ತೂಕಕ್ಕೆ. ಅದರ ರೂಪ ಬದಲಾದರೆ ಅದನ್ನು ಓದುವ ಎಲ್ಲ ಪ್ರೋಗ್ರಾಂಗಳನ್ನೂ ಮುಟ್ಟಬೇಕಾಗುತ್ತದೆ. ಕಾಫ್ಕಾ ಅನ್ನುವ ಇನ್ನೊಂದು ಮೆಸೇಜ್ ವ್ಯವಸ್ಥೆ ಬಳಸುವವರಿಗೂ ಇದೇ ಮಾತು. 2017ರ 0.11 ಆವೃತ್ತಿಯಿಂದ ಅಲ್ಲೂ ರೆಕಾರ್ಡಿಗೆ ಹೆಡರ್ ಇದೆ.

ತೆಗೆದುಕೊಳ್ಳುವ ಕಡೆ, ಮೆಸೇಜ್ ಬಂದಾಗ ಓಡುವ ಕಾಲ್‌ಬ್ಯಾಕ್ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಹೆಡರ್‌ಗಳನ್ನು ‘ಎಕ್ಸ್‌ಟ್ರ್ಯಾಕ್ಟ್’ ಫಂಕ್ಷನ್‌ಗೆ ಕೊಡಿ. ಅದು ಕೊಡುವ ಕಾಂಟೆಕ್ಸ್ಟ್ (ಟ್ರೇಸ್ ಐಡಿ, ಸ್ಪ್ಯಾನ್ ಐಡಿ ಇರುವ ಮಾಹಿತಿ) ಇಟ್ಟುಕೊಂಡು ‘ಕನ್ಸ್ಯೂಮರ್’ ಬಗೆಯ ಸ್ಪ್ಯಾನ್ ತೆರೆಯಿರಿ. ಕೆಲಸ ಮುಗಿದು, ‘ಮುಗೀತು’ ಅಂತ ಕ್ಯೂಗೆ ಅಕ್ನಾಲೆಜ್ ಮಾಡುವವರೆಗೂ ಅದನ್ನು ಮುಚ್ಚಬೇಡಿ. ಟ್ರೇಸಿಂಗ್ ಹಾಕುವ ಮುಂಚಿನ ಹಳೆ ಮೆಸೇಜ್‌ಗಳು ಕ್ಯೂನಲ್ಲಿ ಇನ್ನೂ ಇರುತ್ತವೆ. ಅವುಗಳಲ್ಲಿ ಹೆಡರ್ ಇರುವುದಿಲ್ಲ. ಖಾಲಿ ಬಂದರೆ ಖಾಲಿ ಡಿಕ್ಷನರಿ ಅಂತ ತಿಳಿದುಕೊಂಡು ಮುಂದೆ ಹೋಗುವ ಹಾಗೆ ಬರೆಯಿರಿ. ಟ್ರೇಸಿಂಗ್‌ನಿಂದಾಗಿ ರೈತರ ಪಟ್ಟಿ ನಿಲ್ಲಬಾರದು.

ಪೈಥಾನ್‌ನಿಂದ ರ್ಯಾಬಿಟ್‌ಎಂಕ್ಯೂ ಜೊತೆ ಮಾತಾಡುವ ಪೀಕಾ ಲೈಬ್ರರಿಗೆ ಇದನ್ನೆಲ್ಲ ತಾನೇ ಮಾಡುವ ರೆಡಿ ಪ್ಯಾಕೇಜ್ ಇದೆ. ಆದರೂ ಒಂದು ಸಲ ಕೈಯಿಂದ ಬರೆಯಿರಿ ಅಂತ ಹೇಳುತ್ತೇನೆ. ಆಗ ಎಲ್ಲಿ ಕಡಿದುಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಒಂದೇ ಕೆಲಸಕ್ಕೆ ಎರಡೆರಡು ಸ್ಪ್ಯಾನ್ ಬರುತ್ತವೆ.

ಮುಂದಿನ ಸೋಮವಾರದ ಮಾರುಕಟ್ಟೆಗೆ ಇದು ಓಡುತ್ತಿತ್ತು. ಯೇಗರ್‌ನಲ್ಲಿ ಒಂದು ಲಾಟ್ ತೆರೆದೆ. ಲೆಕ್ಕದ ಪಟ್ಟಿ ಮುಗಿದ ಸ್ಪ್ಯಾನ್‌ಗೂ ಎಸ್‌ಎಂಎಸ್ ಶುರುವಾದ ಸ್ಪ್ಯಾನ್‌ಗೂ ನಡುವೆ ಉದ್ದಕ್ಕೆ ಖಾಲಿ ಜಾಗ. ಆ ಖಾಲಿ ಜಾಗವೇ ಮೆಸೇಜ್ ಕಾಯ್ದ ಹೊತ್ತು. ಇನ್ನೂ ಹತ್ತು ಲಾಟ್ ತೆರೆದೆ. ತಡವಾದ ಎಲ್ಲದರಲ್ಲೂ ಒಂದೇ ಇನ್‌ಸ್ಟನ್ಸ್ ಐಡಿ. ಎಸ್‌ಎಂಎಸ್‌ಗೆ ಎರಡು ವರ್ಕರ್ ಇದ್ದವು, ದುಡಿಯುತ್ತಿದ್ದದ್ದು ಒಂದೇ.

ಕಾರಣ ನನ್ನ ಕೋಡ್‌ನಲ್ಲಿತ್ತು. ನಾನು ಪ್ರಿಫೆಚ್ ಮಿತಿ, ಅಂದರೆ ಒಂದು ವರ್ಕರ್ ಒಂದೇ ಸಲಕ್ಕೆ ಎಷ್ಟು ಮೆಸೇಜ್ ಹಿಡಿದುಕೊಳ್ಳಬಹುದು ಅನ್ನುವುದು, ಹಾಕಿರಲಿಲ್ಲ. ಮಿತಿ ಇಲ್ಲದಿದ್ದರೆ ರ್ಯಾಬಿಟ್‌ಎಂಕ್ಯೂ ಕ್ಯೂನಲ್ಲಿರುವುದನ್ನೆಲ್ಲ ವರ್ಕರ್ ಕೈಗೆ ಸುರಿಯುತ್ತದೆ. ಎರಡನೇ ವರ್ಕರ್ ನಡುವೆ ರೀಸ್ಟಾರ್ಟ್ ಆಗಿತ್ತು. ಅದು ಏಳುವಷ್ಟರಲ್ಲಿ ರಾಶಿಯೆಲ್ಲ ಮೊದಲನೆಯದರ ಕೈಯಲ್ಲಿತ್ತು. ಕ್ಯೂ ಖಾಲಿ ಕಾಣುತ್ತಿತ್ತು, ಮೆಸೇಜ್‌ಗಳು ಮಾತ್ರ ವರ್ಕರ್‌ನೊಳಗೆ ಸಾಲು ನಿಂತಿದ್ದವು. ಪ್ರಿಫೆಚ್ ಅನ್ನು 1 ಮಾಡಿದೆ. ಒಂದೊಂದು ಕೆಲಸಕ್ಕೂ ಒಂದೆರಡು ಸೆಕೆಂಡ್ ಹಿಡಿಯುವ ಕಡೆ ಅಷ್ಟೇ ಸಾಕು.

ಈ ಖಾಲಿ ಜಾಗವನ್ನು ನಂಬುವ ಮುಂಚೆ ಎಲ್ಲ ಮಷೀನ್‌ಗಳ ಗಡಿಯಾರ ಒಂದೇ ಇದೆಯಾ ನೋಡಿ. ಗಡಿಯಾರ ಸರಿಹೊಂದಿಸುವ ಕ್ರೋನಿ ಅನ್ನುವ ಪ್ರೋಗ್ರಾಂ ಹಾಕಿದರೆ ಸಾಕು. ಗಡಿಯಾರ ಹಿಂದೆ ಮುಂದೆ ಇದ್ದರೆ ಮೆಸೇಜ್ ಹಾಕುವ ಮುಂಚೆಯೇ ತಲುಪಿದ ಹಾಗೆ ಕಾಣುತ್ತದೆ.

ಮತ್ತೆ ಪ್ರಯತ್ನಿಸುವ ಕೋಡ್ ಇದೆಯಲ್ಲ, ಅಲ್ಲಿ ಚೀಟಿ ಜಾಸ್ತಿ ಬೀಳುತ್ತದೆ. ರ್ಯಾಬಿಟ್‌ಎಂಕ್ಯೂ ತಾನೇ ಡೆಡ್ ಲೆಟರ್ ಕ್ಯೂಗೆ (ಕೆಲಸ ಆಗದ ಮೆಸೇಜ್‌ಗಳನ್ನು ಇಡುವ ಬೇರೆ ಕ್ಯೂ) ಕಳಿಸಿದರೆ ಹೆಡರ್ ಉಳಿಯುತ್ತದೆ. ಆದರೆ ನಿಮ್ಮ ಕೋಡ್ ಮೆಸೇಜನ್ನು ಮತ್ತೆ ಪಬ್ಲಿಷ್ ಮಾಡಿದರೆ ಹೆಡರನ್ನು ನೀವೇ ಒಯ್ಯಬೇಕು. ಬಾಡಿ ಮಾತ್ರ ಕಳಿಸಿದರೆ ಅಲ್ಲಿಂದ ಮುಂದೆ ಹೊಸ ಟ್ರೇಸ್ ಶುರುವಾಗುತ್ತದೆ.

ಐವತ್ತು ಮೆಸೇಜ್‌ಗಳನ್ನು ಒಟ್ಟು ಮಾಡಿ ಒಂದೇ ಸಲ ಕೆಲಸ ಮಾಡುವ ವರ್ಕರ್ ಇದ್ದರೆ ದಾರಿ ಬೇರೆ. ಒಂದು ಸ್ಪ್ಯಾನ್‌ಗೆ ಒಂದೇ ಪೇರೆಂಟ್, ಅಂದರೆ ಅದರ ಹಿಂದಿನ ಹಂತದ ಸ್ಪ್ಯಾನ್. ಅಲ್ಲಿ ಹೊಸ ಸ್ಪ್ಯಾನ್ ತೆರೆದು, ಐವತ್ತೂ ಮೆಸೇಜ್‌ಗಳ ಕಾಂಟೆಕ್ಸ್ಟನ್ನು ‘ಲಿಂಕ್’ ಆಗಿ ಜೋಡಿಸಿ.

ಸ್ಪ್ಯಾನ್ ಮೇಲೆ ಲಾಟ್ ನಂಬರನ್ನು ಆಟ್ರಿಬ್ಯೂಟ್ ಆಗಿ ಹಾಕಿ, ಹುಡುಕುವುದು ಸುಲಭ. ರೈತರ ಹೆಸರು, ಫೋನ್ ನಂಬರ್ ಹಾಕಲೇಬೇಡಿ. ಯೇಗರ್ ಪರದೆಯನ್ನು ಯಾರು ಯಾರು ನೋಡುತ್ತಾರೋ ಗೊತ್ತಿಲ್ಲ, ಹೆಸರು, ನಂಬರ್ ರೈತರ ಖಾಸಗಿ ವಿಷಯ.

ಕೊನೆಗೆ ವರ್ಕರ್ ನಿಲ್ಲಿಸುವಾಗ ಟ್ರೇಸರ್ ಪ್ರೊವೈಡರ್‌ನ ‘ಶಟ್‌ಡೌನ್’ ಕರೆಯಿರಿ. ಸ್ಪ್ಯಾನ್‌ಗಳನ್ನು ಒಟ್ಟು ಮಾಡಿ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಕಳಿಸಲಾಗುತ್ತದೆ, ಸುಮ್ನೆ ನಿಲ್ಲಿಸಿದರೆ ಕೊನೆಯವು ಕಳೆದುಹೋಗುತ್ತವೆ. ಈಗ ಅಂಗಡಿಯಿಂದ ಫೋನ್ ಬಂದರೆ ನಾನು ಲಾಟ್ ನಂಬರ್ ಕೇಳುತ್ತೇನೆ. ಅವರು ಲೈನ್‌ನಲ್ಲಿ ಇರುವಾಗಲೇ ಅದು ಎಲ್ಲಿ ನಿಂತಿದೆ ಅಂತ ಹೇಳುತ್ತೇನೆ.